ಉದಗೀರದ ಯುದ್ಧ: ಯಾವ ಆವೃತ್ತಿ, ಯಾವ ಪುಟ?

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯು ನಳದುರ್ಗದ ಕೋಟೆಯನ್ನು ಹಿಂದಿಕ್ಕಿ ಉಮರ್ಗಾ ಸೇರುವ ಹೊತ್ತಿಗೆ ಭಾಷೆ ಬದಲಾಗತೊಡಗಿರುತ್ತದೆ. ಅಂಗಡಿಗಳ ಫಲಕಗಳು ಮರಾಠಿ. ಸಂತೆಯಲ್ಲಿ ಜೋಳದ ದರ ವಿಚಾರಿಸುವ ಮುದುಕರ ಮಾತು ಕನ್ನಡ. ಗ್ಯಾರೇಜಿನ ಹುಡುಗರದು ದಖನಿ. ಪ್ರಯಾಣಿಕರು ಇಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. 1948ರ ಸೆಪ್ಟೆಂಬರ್ 13ರಂದು ಇದೇ ದಾರಿಯಿಂದ ಬಂದ ಭಾರತೀಯ ಸೇನೆಯೂ ಹಾಗೆಯೇ ಮಾಡಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದ ದಂಡು ನಳದುರ್ಗವನ್ನು ವಶಪಡಿಸಿಕೊಂಡು, ಉಮರ್ಗಾದಲ್ಲಿ ಬೀಡುಬಿಟ್ಟು, ಮರುದಿನ ಪೂರ್ವಕ್ಕೆ ರಾಜೇಶ್ವರದ ಕಡೆಗೆ ಹೊರಟಿತು. ಐದನೆಯ ದಿನ ನಿಜಾಮನ ರಾಜ್ಯ ಮುಗಿದಿತ್ತು.

ಈ ಐದು ದಿನಗಳ ಪುಸ್ತಕಗಳನ್ನು ಅರಸಿ ಹೊರಟವನು ಮೊದಲು ಕಲಿಯುವ ಪಾಠವೆಂದರೆ, ಪ್ರಕಟಣೆಯ ವರ್ಷವನ್ನು ನೋಡದೆ ಪುಟ ತೆರೆಯಬಾರದೆಂಬುದು. ವಿ. ಪಿ. ಮೆನನ್ ಅವರು ದೇಶೀಯ ಸಂಸ್ಥಾನಗಳ ವಿಲೀನವನ್ನು ಕುರಿತು ಬರೆದ ಗ್ರಂಥ 1956ರದು. ದಿಲ್ಲಿಯ ಕಚೇರಿಯಿಂದ ಕಂಡ ಹೈದರಾಬಾದು ಅದು. ಅಲ್ಲಿ ಭಾರತದ ಏಜೆಂಟ್ ಜನರಲ್ ಆಗಿದ್ದ ಕೆ. ಎಂ. ಮುನ್ಷಿಯವರ ನೆನಪುಗಳು 1957ರಲ್ಲಿ ಬಂದವು. ನಿಜಾಮನ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿಯವರ ಪುಸ್ತಕ 1962ರಲ್ಲಿ ಕರಾಚಿಯಲ್ಲಿ ಅಚ್ಚಾಯಿತು. ರಕ್ಷಣಾ ಮಂತ್ರಾಲಯದ ಇತಿಹಾಸ ವಿಭಾಗದಿಂದ ಎಸ್. ಎನ್. ಪ್ರಸಾದರ 'ಆಪರೇಷನ್ ಪೋಲೋ' ಹೊರಬರಲು 1972 ಆಗಬೇಕಾಯಿತು. ಸೇನೆಯ ತುಕಡಿಗಳು ಯಾವ ದಿನ ಎಲ್ಲಿಂದ ಎಲ್ಲಿಗೆ ಸಾಗಿದವು ಎಂಬುದಕ್ಕೆ ಈ ಕೊನೆಯದೇ ಆಧಾರ. ಅದರಲ್ಲಿ ಉಮರ್ಗಾ ಒಂದು ತಂಗುದಾಣ. ಸೈನಿಕ ಇತಿಹಾಸದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಅಲ್ಲಿ ವಾಸವಿದ್ದವರಿಗೆ ಊರು ತಂಗುದಾಣವಾಗಿರಲಿಲ್ಲ.

ರಜಾಕಾರರ ಹಾವಳಿಯ ನೆನಪು ಈ ಸೀಮೆಯ ಮನೆಮನೆಗಳಲ್ಲಿದೆ. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಗಡಿಯ ಎರಡೂ ಬದಿಯವರು ಮರೆತಿಲ್ಲ. ಸೇನೆ ಬಂದ ಮೇಲೆ ನಡೆದದ್ದು ಮಾತ್ರ ಬಹುಕಾಲ ಪುಸ್ತಕದ ಹೊರಗೇ ಉಳಿಯಿತು. ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರು ಸರ್ಕಾರದ ಸೂಚನೆಯಂತೆ 1948ರ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿ ಸಲ್ಲಿಸಿದ ವರದಿಯು ಕನಿಷ್ಠ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತ್ತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಹಾನಿಗೊಳಗಾದವೆಂದು ವರದಿ ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡ. ಉಮರ್ಗಾ ಆಗ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯಲ್ಲಿದ್ದವು. ಈ ವರದಿ ಎ. ಜಿ. ನೂರಾನಿಯವರ ಗ್ರಂಥದ ಅನುಬಂಧವಾಗಿ 2013ರಲ್ಲಿ ಸಾಮಾನ್ಯ ಓದುಗನ ಕೈಗೆ ಬಂತು. ನ್ಯಾಯಾಲಯದಲ್ಲಾಗಿದ್ದರೆ ಇಷ್ಟು ತಡವಾಗಿ ಹಾಜರುಪಡಿಸಿದ ದಸ್ತಾವೇಜಿಗೆ ಎದುರು ಪಕ್ಷದವರು ತಕರಾರು ತೆಗೆಯುತ್ತಿದ್ದರು. ಆದರೆ ಇಲ್ಲಿ ತಡಮಾಡಿದವರು ಸಾಕ್ಷಿ ನುಡಿದವರಲ್ಲ.

ಉಮರ್ಗಾದಿಂದ ಕಾಸಾರ ಶಿರಸಿಯ ದಾರಿಯಲ್ಲಿ ನಿಲಂಗಾಕ್ಕೆ ಹೋಗುವಾಗ ರಸ್ತೆಯ ಎರಡೂ ಕಡೆ ಕರಿಭೂಮಿ, ತೊಗರಿ, ಸೋಯಾ. ನಿಲಂಗಾದಲ್ಲಿ ನೀಲಕಂಠೇಶ್ವರನ ಹಳೆಯ ಕಲ್ಲುಗುಡಿಯಿದೆ. ಪುಸ್ತಕ ಹುಡುಕುವವನಿಗೆ ದೇವರಷ್ಟೇ ಮುಖ್ಯರಾದವರು ಇಲ್ಲಿನ ರದ್ದಿ ಅಂಗಡಿಯವರು. ಈ ಸೀಮೆಯಲ್ಲಿ ಹಳೆಯ ಪುಸ್ತಕ ಉಳಿಯದಿರುವುದಕ್ಕೆ ಗೆದ್ದಲು, ಮಳೆಗಳಲ್ಲದೆ ಇನ್ನೂ ಎರಡು ಕಾರಣಗಳಿವೆ.

ಒಂದು, ಲಿಪಿ. ನಿಜಾಮನ ಕಾಲದಲ್ಲಿ ಕಚೇರಿ ಮತ್ತು ಕೋರ್ಟಿನ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಅನುವಾದ ವಿಭಾಗವು ಇತಿಹಾಸ, ಕಾನೂನು, ವಿಜ್ಞಾನಗಳನ್ನು ಉರ್ದುವಿಗೆ ತರುತ್ತಿತ್ತು. ಆ ಸಂಪುಟಗಳು ಹಳೆಯ ವಕೀಲರ ಕಪಾಟು ಸೇರಿದ್ದವು. ಅಜ್ಜ ಓದಿದ ಲಿಪಿಯನ್ನು ಮೊಮ್ಮಗ ಅರಿಯ. ಓದಲು ಬಾರದ ಪುಸ್ತಕ ತೂಕಕ್ಕೆ ಹೋಗುತ್ತದೆ. ಎರಡನೆಯದು 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ದಪ್ಪ ಕಲ್ಲುಮಣ್ಣಿನ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಹತ್ತು ಸಾವಿರದಷ್ಟು ಜನ ಸತ್ತರು. ಹೆಣಗಳನ್ನು ಹುಡುಕಿದ ಮಣ್ಣಿನಲ್ಲಿ ಟ್ರಂಕಿನ ಕಾಗದಗಳನ್ನು ಯಾರು ಹುಡುಕಿಯಾರು? ಆ ಮಾತನ್ನು ಕೇಳುವುದಕ್ಕೂ ಸಂಕೋಚವಾಗುತ್ತದೆ.

ಮುಂದೆ ದೇವಣಿ, ಎತ್ತುಗಳ ತಳಿಗೆ ಹೆಸರು ಕೊಟ್ಟ ಊರು. ಅದನ್ನು ದಾಟಿದರೆ ಉದಗೀರ. ಉದಯಗಿರಿ ಎಂಬ ಹೆಸರನ್ನು ಇಲ್ಲಿ ಸಮಾಧಿಯಾದ ಉದಯಗಿರಿ ಋಷಿಗೆ ಜೋಡಿಸುತ್ತಾರೆ. ಆ ಸಮಾಧಿ ಇರುವುದು ಕೋಟೆಯ ಒಳಗೆ. ಬಹಮನಿಗಳ ಕಾಲದಿಂದ ಹೆಸರಾದ ಈ ಕೋಟೆಯನ್ನು 1636ರಲ್ಲಿ ಶಾಹಜಹಾನನ ಸೇನೆ ಔಸಾದೊಂದಿಗೆ ಗೆದ್ದುಕೊಂಡಿತು. ಆದರೆ ಪುಸ್ತಕಗಳಲ್ಲಿ ಉದಗೀರವೆಂದರೆ 1760. ಸದಾಶಿವರಾವ್ ಭಾವೂ ನಿಜಾಮನ ದಂಡನ್ನು ಸುತ್ತುವರಿದ ಯುದ್ಧ ಅದು. ಮೊದಲು ನಿಜಾಮನ ಚಾಕರಿಯಲ್ಲಿದ್ದು ಪೇಶ್ವೆಯ ಕಡೆ ಬಂದ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಇಲ್ಲಿ ಗುಡುಗಿದವು. ವರ್ಷಕ್ಕೆ ಸುಮಾರು 60 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ, ದೌಲತಾಬಾದ, ವಿಜಯಪುರದಂಥ ಸ್ಥಳಗಳು ಮರಾಠರ ಪಾಲಾದವು. ಈ ಗೆಲುವಿನ ಉತ್ಸಾಹದಲ್ಲಿಯೇ ಭಾವೂ ಉತ್ತರಕ್ಕೆ ಹೊರಟು, ವರ್ಷ ತುಂಬುವುದರೊಳಗೆ ಪಾಣಿಪತ್ತಿನಲ್ಲಿ ಬಿದ್ದ.

ಉದಗೀರದ ಯುದ್ಧವೆಂದು ಕರೆದರೂ ಅದು ಉದಗೀರದಲ್ಲಿ ಒಂದೇ ದಿನ ಮುಗಿದ ಕಾಳಗವಲ್ಲ. ನಿಜಾಮನ ದಂಡು ತೋಪುಗಳನ್ನು ಸುತ್ತ ಇಟ್ಟುಕೊಂಡು ಧಾರೂರಿನ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸರಿಯುತ್ತಿತ್ತು; ಮರಾಠರು ದಾರಿಯುದ್ದಕ್ಕೂ ಕಾಡಿದರು; ಫೆಬ್ರವರಿ 3ರ ನಿರ್ಣಾಯಕ ಹೊಡೆತ ಬಿದ್ದದ್ದು ಔಸಾದ ಬಳಿ. ಅಂದರೆ ನಿಲಂಗಾದ ಉತ್ತರದ ಸೀಮೆಯೆಲ್ಲ ಯುದ್ಧಭೂಮಿಯೇ. ಹಿಂಗಾರಿ ಜೋಳ ತೆನೆಗಟ್ಟುವ ಕಾಲವದು. ಎರಡು ದಂಡುಗಳ ಕುದುರೆಗಳು ಏನನ್ನು ಮೇಯ್ದಿರಬೇಕೆಂಬುದನ್ನು ಈ ಭಾಗದ ರೈತನಿಗೆ ಯಾವ ಗ್ರಂಥವೂ ಹೇಳಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಈ ಕಥೆಯನ್ನು ಪ್ರಚುರಪಡಿಸಿದವನು ಸಾತಾರಾದಲ್ಲಿ ರೆಸಿಡೆಂಟನಾಗಿದ್ದ ಜೇಮ್ಸ್ ಗ್ರಾಂಟ್ ಡಫ್. ಅವನ ಮರಾಠರ ಇತಿಹಾಸವು 1826ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಎಸ್. ಎಂ. ಎಡ್ವರ್ಡ್ಸ್ ಪರಿಷ್ಕರಿಸಿ, ಲೇಖಕನ ಜೀವನವೃತ್ತಾಂತವನ್ನು ಸೇರಿಸಿ 1921ರಲ್ಲಿ ಎರಡೇ ಸಂಪುಟಗಳಲ್ಲಿ ಹೊರತಂದರು. ಸಂಪುಟಗಳು ಮೂರು ಇದ್ದದ್ದು ಎರಡಾದಾಗ ಪುಟಸಂಖ್ಯೆಗಳೆಲ್ಲ ಪಲ್ಲಟಗೊಂಡವು. ಯಾವುದೋ ಮರಾಠಿ ಲೇಖನದ ಅಡಿಟಿಪ್ಪಣಿಯಲ್ಲಿ ‘ಡಫ್, ಎರಡನೆಯ ಸಂಪುಟ’ ಎಂದಿದ್ದರೆ ಯಾವ ಮುದ್ರಣದ ಎರಡನೆಯ ಸಂಪುಟವೆಂದು ತಿಳಿಯದೆ ಓದುಗ ಅರ್ಧ ದಿನ ಕಳೆಯಬೇಕು. ಅಕಾರಾದಿ ಸೂಚಿಯೂ ಮೋಸ ಮಾಡುತ್ತದೆ. ಹಳೆಯ ಇಂಗ್ಲಿಷರು ‘ಉ’ಕಾರಕ್ಕೆ ಎರಡು ‘ಓ’ ಅಕ್ಷರ ಹಾಕುತ್ತಿದ್ದರು. ಹಾಗಾಗಿ ಉದಗೀರವನ್ನು ‘ಯು’ ಅಡಿಯಲ್ಲಿ ಹುಡುಕಿದರೆ ಸಿಗದು. ಉಮರ್ಗಾಕ್ಕಂತೂ ಇಂದಿಗೂ ಸರ್ಕಾರಿ ಕಾಗದಗಳಲ್ಲಿ ‘ಓಮರ್ಗಾ’ ಎಂಬ ಕಾಗುಣಿತ ತಪ್ಪಿಲ್ಲ.

ಹಣ ಕೊಟ್ಟು ಒಂದೇ ಪ್ರತಿಯನ್ನು ಕೊಳ್ಳುವುದಾದರೆ ಓದಲು 1921ರದು ಅನುಕೂಲ. ಡಫ್ ತಾನೇ ಏನು ಬರೆದನೆಂದು ಹೇಳಬೇಕಾದರೆ 1826ರದೇ ಬೇಕು. ಪರಿಷ್ಕೃತ ಆವೃತ್ತಿಯೆಂಬುದು ದೃಢೀಕೃತ ನಕಲಲ್ಲ. ಇತ್ತೀಚಿನ ಅಗ್ಗದ ಮರುಮುದ್ರಣಗಳನ್ನು ಕೊಳ್ಳುವಾಗ ಶೀರ್ಷಿಕೆಪುಟದ ಹಿಂಬದಿಯನ್ನು ನೋಡಬೇಕು. ಯಾವ ಆವೃತ್ತಿಯ ಪಡಿಯಚ್ಚೆಂದು ಹೇಳದವರೇ ಹೆಚ್ಚು.

ಆದರೆ ಉದಗೀರದವರ ಪಾಲಿನ ನಿಜವಾದ ಮೂಲಪ್ರತಿ ಬೇರೆಯೇ ಇದೆ. ಗೋ. ಸ. ಸರದೇಸಾಯಿಯವರು ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಗಳಿಂದ ಆಯ್ದು ಸಂಪಾದಿಸಿ, ಮುಂಬಯಿ ಸರ್ಕಾರ 1930ರಿಂದ ಪ್ರಕಟಿಸಿದ 45 ಸಂಪುಟಗಳ ಮಾಲೆಯಲ್ಲಿ ಮೊಟ್ಟಮೊದಲನೆಯದು ಉದಗೀರದ ಯುದ್ಧಕ್ಕೇ ಮೀಸಲು. ಎರಡನೆಯದು ಪಾಣಿಪತ್ತಿನದು. ತ್ರ್ಯಂ. ಶಂ. ಶೇಜವಲಕರರ ‘ಪಾಣಿಪತ್’ 1946ರಲ್ಲಿ ಇಂಗ್ಲಿಷಿನಲ್ಲಿಯೂ 1961ರಲ್ಲಿ ಮರಾಠಿಯಲ್ಲಿಯೂ ಬಂತು. ಸೋತ ಯುದ್ಧವನ್ನು ಎಲ್ಲರೂ ಓದುತ್ತಾರೆ, ಗೆದ್ದದ್ದನ್ನು ಕೇಳುವವರು ಕಡಿಮೆ. ದಫ್ತರದ ಮೊದಲ ಸಂಪುಟವನ್ನು ಹುಡುಕುವವರು ಅದಕ್ಕೂ ಕಡಿಮೆ. ಅದು ಮರಾಠಿ ಪತ್ರಗಳ ಸಂಗ್ರಹ, ದೇವನಾಗರಿಯಲ್ಲಿ ಅಚ್ಚಾದದ್ದು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಈ ಮೂರು ತಾಲೂಕುಗಳ ಓದುಗನಿಗೆ ಆ ಸಂಪುಟ ಕಷ್ಟವಾಗದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆ ಮೈಸೂರಿಗೆ ಸೇರಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಅಂದಿನಿಂದ ಬೀದರದ ಓದುಗನು ಉದಗೀರವನ್ನು ಹೊರರಾಜ್ಯದ ಚರಿತ್ರೆಯೆಂದು ಬಿಟ್ಟ; ಉದಗೀರದ ಕನ್ನಡಿಗನು ಅದನ್ನು ಮರಾಠಿಯವರ ಚರಿತ್ರೆಯೆಂದು ಬಿಟ್ಟ. ಯುದ್ಧ ನಡೆದ ಹೊಲದ ಒಡೆಯನಿಗೆ ಅವನ ಮಾತಿನಲ್ಲಿಯೇ ಅದನ್ನು ಹೇಳುವ ಪುಸ್ತಕ ಇಲ್ಲಿನ ವಾಚನಾಲಯದ ಕಪಾಟಿನಲ್ಲಿ ಕಾಣಸಿಗುವುದಿಲ್ಲ. ಆ ಮೊದಲ ಸಂಪುಟದ ಪತ್ರಗಳನ್ನಾದರೂ ಕನ್ನಡಕ್ಕೆ ತರಬಲ್ಲವರು ಈ ಮೂರು ಊರುಗಳಲ್ಲಿಯೇ ಇದ್ದಾರೆ. ಎರಡೂ ಭಾಷೆ ಬಲ್ಲ ನಿವೃತ್ತ ಮೇಷ್ಟರುಗಳಿಗೆ ಇಲ್ಲಿ ಕೊರತೆಯಿಲ್ಲ.

ಕೋಟೆಯ ಕೆಳಗಿನ ಪೇಟೆಯ ಹುಡುಗನೊಬ್ಬ ಮೊಬೈಲಿನಲ್ಲಿ ಡಫ್‌ನ ಹಳೆಯ ಸಂಪುಟವನ್ನು ತೆರೆದು ತೋರಿಸಬಲ್ಲ. ಅಂತರ್ಜಾಲದಲ್ಲಿ ಅದು ಈಗ ಪುಕ್ಕಟೆ. ಅಕ್ಷರಗಳು ಸ್ಪಷ್ಟವಾಗಿವೆ. ಆದರೆ ಇಂಥ ಪುಸ್ತಕಗಳನ್ನು ಯಂತ್ರದ ಮೇಲಿಟ್ಟವರು ಒಳಗಿನ ದೊಡ್ಡ ನಕಾಶೆಗಳನ್ನು ಬಿಡಿಸುವ ಗೋಜಿಗೆ ಹೋಗುವುದು ಅಪರೂಪ. ತೆರೆಯ ಮೇಲೆ ಕಾಣುವುದು ಮಡಿಕೆಯ ಹೊರಮೈ ಮಾತ್ರ. ಉದಗೀರ, ಔಸಾಗಳನ್ನು ನೋಡಬೇಕೆನ್ನುವವನು ಪುಣೆಗೋ ಹೈದರಾಬಾದಿಗೋ ಬಸ್ಸು ಹಿಡಿಯಬೇಕು.