ಬೀಡಿನ ಹೆಡ್ಡು, ಕುಂಕುಮದ ನೀರು

ಹೋದ ಸಲ ಕರಿಂಡಿ ಹಾಕೋದು ಬರದಿದ್ದೆ. ಈ ಸಲ ಅಡಗಿ ಮಾತಲ್ಲ. ಎರಡು ತಿಂಗಳಿಂದ ನಮ್ಮ ಹಿತ್ತಲದಾಗ ಕರ್ರ್ ಅನ್ನೋ ಸಪ್ಪಳ ಕೇಳಿ, ಬಾಜೂ ಮನಿಯವ್ರು ಎದುರು ಮನಿಯವ್ರು ಎಲ್ಲಾರೂ "ಏನ್ ನಡಿಸೀರ್ರೀ, ಗಿರಣಿ ಇಟ್ಟೀರೇನು?" ಅಂತ ಕೇಳಾಕತ್ತಿದ್ರಿ. ನರಗುಂದದ ನಮ್ಮಕ್ಕ ಅಂತೂ ಫೋನ್ ಹಚ್ಚಿ, "ಮನಿಯವ್ರಿಗೆ ಆರಾಮಿಲ್ಲ, ನೀವು ತಾಯಿ-ಮಗ ಕಬ್ಬಿಣ ತಿಕ್ಕೋತ ಕುಂತೀರಂತ" ಅಂತ ಬೈದ್ಲು. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಎಲ್ಲಾರಿಗೂ ಒಮ್ಮೆ ಬರದು ಬಿಡೂಣು ಅಂತ ಕುಂತೀನಿ.

ನಮ್ಮ ಅಂಬಾಸಿಡರ್ ಗಾಡಿ ನಿಮಗೆಲ್ಲಾ ಗೊತ್ತೈತಿ. 1984ನೇ ಇಸವಿದು, ಮಾರ್ಕ್ 4, ಪೆಟ್ರೋಲ್ ಗಾಡಿ. ರೋಣದಾಗ ಬಾಡಿಗಿ ಕಾರು ಎಣಿಸಿದಷ್ಟು ಇದ್ದಾಗ ನಮ್ಮನಿಯವ್ರು ಅದನ್ನ ಓಡಿಸಿದ್ರು. ಇದನ್ನ ಓದೋರೊಳಗ ಎಷ್ಟೋ ಮಂದಿ ಗಂಡನ ಮನಿಗೆ ಬಂದದ್ದು ಅದರಾಗ, ಬಾಣಂತನಕ್ಕ ಗದಗಿಗೆ ಹೋದದ್ದೂ ಅದರಾಗ. ನಮ್ಮ ಇಬ್ಬರು ಮಕ್ಕಳ ಸಾಲಿ ಫೀ, ಮಗಳ ಮದುವಿ, ಈ ಮನಿ ಸ್ಲ್ಯಾಬು, ಎಲ್ಲಾ ಆ ಗಾಡಿ ದುಡದದ್ದು.

ಆ ಗಾಡಿ ಮಾಡ್ತಿದ್ದವ್ರು ಹಿಂದೂಸ್ತಾನ್ ಮೋಟಾರ್ಸ್, ಪಶ್ಚಿಮ ಬಂಗಾಲದ ಉತ್ತರಪಾಡಾದಾಗ. 1957ರಾಗ ಶುರು ಮಾಡಿದ್ರು, 2014ರ ಮೇ ತಿಂಗಳದಾಗ ನಿಂದರಿಸಿದ್ರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಮೂನಿ ಅದು. ಒಳಗಿನ 1489 ಸಿಸಿ ಇಂಜಿನ್ನೂ ಅಲ್ಲಿಯ ಬಿಎಂಸಿ ಕಂಪನಿಯವ್ರ ನಮೂನಿನ. ಈಗ ಹೊಸಾ ಸಾಮಾನು ಸಿಗೋದು ಸಸಾರಲ್ಲ. ಇದ್ದದ್ದನ್ನ ಕಾಯ್ಕೋಬೇಕು. ಇದನ್ನ ಯಾಕ ಹೇಳಿದೆ ಅಂದ್ರ, ನಮ್ಮನ್ಯಾಗ ಎದ್ದ ಜಗಳಕ್ಕ ಇದ ಮೂಲ.

ಮೂರು ವರ್ಷದ ಹಿಂದ ನಮ್ಮನಿಯವ್ರಿಗೆ ಪಾರ್ಶ್ವವಾಯು ಹೊಡೀತು. ಬಲಗೈ ಬಿತ್ತು, ಮಾತು ತಡವಾತು. ಗಾಡಿ ತಗಡಿನ ಶೆಡ್ಡಿನ್ಯಾಗ ನಿಂತಬಿಡ್ತು. ಗುಜರಿಯವ ಎರಡು ಸಲ ಬಂದು ತೂಕದ ಲೆಕ್ಕದಾಗ ಕೇಳಿ ಹೋದ. ಸಣ್ಣ ಮಗ ಹುಬ್ಬಳ್ಳಿ ಲೇತ್ ಅಂಗಡಿ ಬಿಟ್ಟು ಊರಿಗೆ ಬಂದವ, "ಅವ್ವಾ, ಮಾರೂದು ಬ್ಯಾಡ. ಈಗ ಮದುವಿ ಮೆರವಣಿಗಿಗೆ ಹಳೇ ಅಂಬಾಸಿಡರ್ರ ಬೇಕಂತಾರ. ದುಡಸ್ತೀನಿ" ಅಂದ. ಆದ್ರ ಗಾಡ್ಯಾಗ ಜೀವ ಇರಲಿಲ್ಲ. ಐದು ಮಂದಿ ಕುಂತು ಗಜೇಂದ್ರಗಡದ ಗುಡ್ಡದ ಕಡೆ ಏರು ಹತ್ತಿದ್ರ ಮುದುಕಿ ಮಾಳಗಿ ಹತ್ತಿಧಂಗ ಏದುಸಿರು ಬಿಡ್ತಿತ್ತು. ಹೆಡ್ ಬಿಚ್ಚಬೇಕು ಅಂತ ಆತು.

ಹೆಡ್ ಅಂದ್ರ ಏನು ಅಂತ ನಾನೂ ಕೇಳಿ ತಿಳಕೊಂಡೆ. ಇಂಜಿನ್ ಅನ್ನೋದು ನಾಕು ಬಾಯಿ ಒಲಿ ಅಂತ ತಿಳೀರಿ. ಅದರ ಮ್ಯಾಲಿನ ಮುಚ್ಚಳ ಹೆಡ್ಡು. ಗಾಳಿ-ಪೆಟ್ರೋಲ್ ಒಳಗ ಹೋಗೋ ದಾರಿ, ಹೊಗಿ ಹೊರಗ ಬರೋ ದಾರಿ ಎರಡೂ ಆ ಮುಚ್ಚಳದ ಹೊಟ್ಟ್ಯಾಗ ಇರ್ತಾವ. ಅದಕ್ಕ ಪೋರ್ಟ್ ಅಂತಾರ. ದಾರಿ ಬಾಗಿಲು ತಗದು ಹಾಕೋವು ವಾಲ್ವ್, ಒಟ್ಟು ಎಂಟು. ನಮ್ಮ ಗಾಡಿದು ಪೂರಾ ಬೀಡಿನ ಹೆಡ್ಡು, ಎತ್ತಾಕ ಭಾಳ ಭಾರ. ಇನ್ನೊಂದು ತಮಾಷಿ ಅಂದ್ರ, ನಾಕು ಸಿಲಿಂಡರಿಗೆ ಗಾಳಿ ಒಳಗ ಹೋಗೋ ಬಾಯಿ ಎರಡ. ಎರಡೆರಡು ಮನಿಗೆ ಒಂದೊಂದು ನಳ ಇದ್ದಂಗ. ಹೊಗಿ ಬರೋ ಬಾಯಿ ಮೂರು, ನಡುವಿನ ಎರಡು ಸಿಲಿಂಡರ್ ಕೂಡಿ ಒಂದ ಬಾಯಿ ಹಂಚ್ಕೊಂಡಾವ. ಹಿಂಗಾಗಿ ಒಂದು ಉಸಿರು ಎಳಕೊಂಡ ಬೆನ್ನಿಗೇ ಬಾಜೂದು ಎಳದ್ರ ಅದಕ್ಕ ಹೊಂದಿಸಿ ಗಾಳಿ ಸಿಗಂಗಿಲ್ಲ. ನಳದ ಮುಂದ ಜಗಳ ಮಾಡಿದವ್ರಿಗೆ ಇದು ಬ್ಯಾರೆ ಹೇಳಬೇಕಿಲ್ಲ.

ಜಗಳ ಹಿಂಗ. ಆ ದಾರಿ ಒಳಗಡೆ ಎರಕ ಹೊಯ್ದಾಗಿನ ಗಂಟು, ಏಣು ಹಂಗ ಉಳದಿರ್ತಾವ. ಅವನ್ನ ತಿಕ್ಕಿ ಸರಿ ಮಾಡಿದ್ರ ಇಂಜಿನ್ ಚೊಲೋ ಉಸಿರಾಡತೈತಿ. ಮಗ ಅಂದ, "ದಾರಿನ ದೊಡ್ಡದು ಮಾಡ್ತೀನಿ, ಜಾಸ್ತಿ ಗಾಳಿ ಹೋಗಲಿ." ಅವರಪ್ಪಾರು ತಡದು ತಡದು ಅಂದ್ರು, "ದೊಡ್ಡದು ಬ್ಯಾಡ. ಕನ್ನಡಿಯಂಗ ಹೊಳಸು ಸಾಕು." ಇಬ್ಬರೂ ಹಟಮಾರಿ. ಎಂಟು ದಿನ ಮಾತ ಬಿಟ್ರು. ಊಟಕ್ಕ ಕರೀಬೇಕಾದ್ರೂ ನಾನ ನಡುವ ಓಡ್ಯಾಡಬೇಕು.

ಹಟಕ್ಕಿಂತ ದೊಡ್ಡ ಮಾತು ಒಂದಿತ್ತು. ಆ ಬೀಡಿನ ಗ್ವಾಡಿ ಆಚಿ ಕಡೆ ನೀರು ತಿರಗ್ತಿರತೈತಿ, ಇಂಜಿನ್ ತಣ್ಣಗಿಡಾಕ. ಒಂದು ಕೂದಲೆಳಿ ಹೆಚ್ಚು ತಿಕ್ಕಿ ತೂತು ಬಿತ್ತಂದ್ರ ಮುಗೀತು. ಬೀಡಿಗೆ ವೆಲ್ಡಿಂಗ್ ಮಾಡೋದು ಸಸಾರಲ್ಲ, ಮಾಡಿದ್ರೂ ಬಿರೀತೈತಿ. ಹೆಡ್ ಹೋತಂದ್ರ ಗಾಡಿ ಗುಜರಿಗೆ. ರೊಕ್ಕ ಎಲ್ಲಿದು? ನಾನು ಭೀಸಿ ಎತ್ತಿ, ಅವ್ರ ಕೈ ವ್ಯಾಯಾಮ ಮಾಡಸೋ ಡಾಕ್ಟರಿಗೆ ಅಂತ ಇಟ್ಟದ್ದು. ಅವ್ರ ಅಂದ್ರು, "ನನ್ನ ಕೈ ಇರ್ಲಿ. ಮೊದಲ ಗಾಡಿ ಏಳಲಿ." ನನಗ ಅಳು ಬಂತು, ಸಿಟ್ಟೂ ಬಂತು. ಅರ್ಧ ರೊಕ್ಕ ಕೊಟ್ಟೆ, ಅರ್ಧ ಡಾಕ್ಟರಿಗೆ ಉಳಸಿದೆ. ಕೊಡೋವಾಗ ಒಂದ ಮಾತು ಹೇಳಿದೆ: "ಇಬ್ಬರ ಬಾಯಿ ಮಾತಿಗೂ ನಾ ರೊಕ್ಕ ಕೊಡಂಗಿಲ್ಲ. ಅಳೀರಿ, ಆಮ್ಯಾಲ ತಿಕ್ರಿ." ಅಂದಾಜಿನ ಮ್ಯಾಲ ಉಪ್ಪು ಹಾಕಬಹುದು, ರೊಕ್ಕ ಹಾಕಾಕ ಬರಂಗಿಲ್ಲ.

ಅಳಿಯೋದು ಹ್ಯಾಂಗ? ದೊಡ್ಡ ಗ್ಯಾರೇಜಿನ್ಯಾಗ ಫ್ಲೋ ಬೆಂಚ್ ಅಂತ ಮಷೀನ್ ಇರತೈತಂತ. ನೀರಿನ ನಳಿಗ್ಯಾಗ 28 ಇಂಚು ಎಳತ ಹಿಡಿದು ಅಳೀತಾರಂತ. ನಮ್ಮ ಕಡೆ ಅದೆಲ್ಲೈತ್ರಿ? ಮಗ ಹಿತ್ತಲದಾಗ ತಾನ ಒಂದು ಕಟ್ಟಿದ. ಬೆಂಗಳೂರಿನ ಮಗಳು ಕೊಡಿಸಿದ್ದ ವ್ಯಾಕ್ಯೂಮ್ ಕ್ಲೀನರ್ ಅಟ್ಟದ ಮ್ಯಾಲ ಕುಂತಿತ್ತು, ಅದನ್ನ ಇಳಿಸಿದ. ಪ್ಲೈವುಡ್ಡಿನ ಪೆಟಿಗಿ ಮಾಡಿ, ನಡುವ ಅಡ್ಡ ಹಲಗಿ ಇಟ್ಟು, ಅದಕ್ಕ ಅಳತಿ ಮಾಡಿ ಒಂದ ತೂತು ಕೊರದ. ಪೆಟಿಗಿ ಮ್ಯಾಲ ಸಿಲಿಂಡರಿನಷ್ಟ ಅಗಲದ ಪೈಪು, ಪೈಪಿನ ಮ್ಯಾಲ ಹೆಡ್ಡು. ಕ್ಲೀನರ್ ಕೆಳಗಿಂದ ಎಳೀತೈತಿ, ಗಾಳಿ ಹೆಡ್ಡಿನ ದಾರಿ ಹಿಡಿದು, ಪೆಟಿಗಿಯ ತೂತಿನಾಗ ಹಾದು ಹೋಗತೈತಿ. ಗೌಂಡಿಗೋಳು ಲೆವೆಲ್ ನೋಡಾಕ ಹಿಡೀತಾರಲ್ಲ, ಆ ನೀರಿನ ನಳಿಗಿ ಎರಡು ತಂದು ಹಲಗಿಗೆ ಬಡದ. ಒಂದು ಎಳತ ಎಷ್ಟೈತಿ ಅಂತ ತೋರಿಸೋದು, ಇನ್ನೊಂದು ತೂತಿನ ಆಚಿ-ಈಚಿ ಫರಕು ತೋರಿಸೋದು. ಎಳತ ಪ್ರತಿ ಸಲ ಒಂದ ಗುರುತಿಗೆ ಹಿಡೀಬೇಕು. ಜಾಸ್ತಿ ಗಾಳಿ ಹಾದಷ್ಟೂ ಎರಡನೇ ನಳಿಗ್ಯಾಗ ನೀರು ಮ್ಯಾಲ ಏರತೈತಿ. ನೀರು ಕಣ್ಣಿಗೆ ಕಾಣವಲ್ದು ಅಂದ್ರ ನಾ ಚಿಟಿಕಿ ಕುಂಕುಮ ಕಲಿಸಿ ಕೊಟ್ಟೆ.

ಪೋರ್ಟಿನ ಬಾಯಿ ಚೂಪು ಇದ್ರ ಗಾಳಿ ಅಲ್ಲೇ ತಡೀತೈತಿ, ಅಳತಿ ತಪ್ಪತೈತಿ. ಬಾಯಿ ಸುತ್ತ ದುಂಡಗ ಮೆತ್ತಾಕ ಮಣ್ಣು ಬೇಕಂದ. ನಾ ಚಪಾತಿ ಕಣಕ ಕೊಟ್ಟೆ, ಗಟ್ಟಿಯಾಗಿ ನಾದಿ. ಮುಂದ ನೋಡಿದ್ರ ಆ ಕಣಕನ ದೊಡ್ಡ ಗುರು ಆತು. ಅದು ಹ್ಯಾಂಗ ಅಂತ ಹೇಳ್ತೀನಿ.

ಮಗ ಮೊದಲ ಹುಬ್ಬಳ್ಳಿ ಹಳೇ ಸಾಮಾನಿನ ಅಂಗಡ್ಯಾಗ ಬಿರಿದ ಹೆಡ್ಡೊಂದು ತಂದು, ಹೀರೀಕಾಯಿ ಸೀಳಿಧಂಗ ಉದ್ದಕ್ಕ ಕೊಯ್ದ. ಗ್ವಾಡಿ ಎಲ್ಲಿ ದಪ್ಪ, ಎಲ್ಲಿ ತೆಳ್ಳಗ ಅಂತ ಕಣ್ಣಿಗೇ ಕಂಡ್ತು. ಬಿರಿದದ್ದರ ಮ್ಯಾಲ ಕೈ ಕುದುರಿಸಿಕೊಂಡ. ನಮ್ಮ ಹೆಡ್ಡಿನ ಒಂದು ದಾರಿ ಹಂಗ ಬಿಟ್ಟು, ವಾಲ್ವನ್ನ 2, 4, 6, 8 ಮಿಲಿಮೀಟರ್ ತಗದು ನೀರು ಎಲ್ಲಿಗೆ ಏರ್ತು ಅಂತ ನನ್ನ ಹಾಲಿನ ಲೆಕ್ಕದ ವಹಿಯೊಳಗ ಬರದಿಟ್ಟ.

ಆಮ್ಯಾಲ ದಾರಿಯ ಒಂದು ಮೂಲಿಗೆ ಕಣಕ ಮೆತ್ತಿ ದಾರಿ ಸಣ್ಣದು ಮಾಡಿ ನೋಡಿದ. ನೀರು ಇಳೀಬೇಕಿತ್ತು, ಇಳೀಲೇ ಇಲ್ಲ! ಅಂದ್ರ ಆ ಮೂಲ್ಯಾಗ ಗಾಳಿ ಹಾಯ್ತಿರಲೇ ಇಲ್ಲ, ಸುಮ್ನ ಸುಳಿ ತಿರಗ್ತಿತ್ತು. ಮಲಪ್ರಭಾ ಕಾಲುವಿ ತಿರುವಿನ್ಯಾಗ ನೋಡೀರಲ್ಲ, ನೀರು ಹೊರಗಿನ ದಂಡಿಗೆ ಬಡಕೊಂಡು ಹೋಗತೈತಿ, ಒಳ ಮಗ್ಗಲ ಕಸ ಸುತ್ತಿಕೊಂತ ನಿಂದರತೈತಿ. ಹಂಗ. ಅಲ್ಲಿ ಕೊರದು ದೊಡ್ಡದು ಮಾಡಿದ್ರ ಬೀಡೂ ತೆಳ್ಳಗ, ಲಾಭಾನೂ ಇಲ್ಲ. ಮಗ ಗಪ್ಪಾದ. ನಾ ಅಂದೆ, "ಊದಗೊಳವಿ ಬಾಯಿ ಅಗಲಿದ್ರ ಒಲಿ ಹತ್ತತೈತೇನೋ? ಸಣ್ಣಿದ್ರನ ಗಾಳಿಗೆ ಜೋರು." ದಾರಿ ಭಾಳ ದೊಡ್ಡದಾದ್ರ ಗಾಳಿ ಮೆತ್ತಗಾಗತೈತಿ, ಸಣ್ಣ ವೇಗದಾಗ ಗಾಡಿ ಎಳಿಯಂಗಿಲ್ಲ. ನಮ್ಮ ಗಾಡಿ ಓಣ್ಯಾಗ, ಸಂತಿ ಮಂದ್ಯಾಗ ಹೋಗೋದು. ರೇಸಿಗೆ ಏನ್ ಒಯ್ಯಬೇಕಾಗೈತಿ?

ಹಂಗಂತ ಅಪ್ಪಾರು ಗೆದ್ರು ಅನ್ಕೋಬ್ಯಾಡ್ರಿ. ಕೊಯ್ದ ಹೆಡ್ಡಿನ ಒಂದು ದಾರಿಗೆ ಕನ್ನಡಿಯಂಗ ಹೊಳಪು ಕೊಟ್ಟು ಜೋಡಿಸಿ ಅಳದ್ರು. ಬರೇ ಹೊಳಪಿಗೆ ನೀರು ಏರಲೇ ಇಲ್ಲ. ಅದೂ ಅಲ್ದ, ಒಳಗ ಹೋಗೋ ದಾರಿ ಪೂರಾ ನುಣ್ಣಗಿದ್ರ ಪೆಟ್ರೋಲ್ ಹನಿ ಗ್ವಾಡಿಗೆ ಹತ್ತಿ ಹರೀತಾವಂತ. ಸ್ವಲ್ಪ ಒರಟು ಇದ್ರ ಹನಿ ಗಾಳ್ಯಾಗ ಕೂಡಿ ಹೋಗತಾವ. ಹೊಗಿ ದಾರಿಗೆ ಮಾತ್ರ ಹೊಳಪು ಚೊಲೋ, ಮಸಿ ಲಗೂನ ಹತ್ತಂಗಿಲ್ಲ. ಹಿಂಗ ಕುಂಕುಮದ ನೀರು ಇಬ್ಬರಿಗೂ ಒಂದೊಂದು ಮಾತು ಹೇಳಿತು. ನಾ ಹೇಳಿದ್ರ ಕೇಳ್ತಿದ್ರೇನು? ಆ ರಾತ್ರಿ ಎಂಟು ದಿನದ ಮ್ಯಾಲ ಇಬ್ಬರೂ ಒಂದ ಸಾಲಿನ್ಯಾಗ ಉಣ್ಣಾಕ ಕುಂತ್ರು.

ಲಾಭ ಎಲ್ಲಿತ್ತಂದ್ರ ವಾಲ್ವಿನ ಬುಡಕ್ಕ. ವಾಲ್ವ್ ಕುಂದ್ರೋ ಸೀಟಿನ ಸುತ್ತ ಒಂದು ಏಣು, ಅದರ ಕೆಳಗ ಕುತಗಿ ಸಣ್ಣದು. ಅದನ್ನ ತಿಕ್ಕಿ ದುಂಡಗ ಮಾಡಿ, ಸೀಟನ್ನ 30, 45, 60 ಡಿಗ್ರಿ ಅಂತ ಮೂರು ಇಳಿಜಾರು ಕೊಟ್ಟ ಮ್ಯಾಲ ನೀರು ಎರಡು ಬೆರಳು ಏರ್ತು. ಅಕ್ಕಿಕಾಳಿನಷ್ಟು ಬೀಡು ತಗದದ್ದಕ್ಕ ಅಷ್ಟು! ಹುಬ್ಬಳ್ಳ್ಯಾಗ ಹೊಗಿ ದಾರಿಯ ಸೀಟಿಗೆ ಗಟ್ಟಿ ಕಬ್ಬಿಣದ ಬಳಿ ಕೂಡ್ರಿಸಿಕೊಂಡು ಬಂದ್ರು. ಅದೂ ಯಾಕಂದ್ರ, ಮೊದಲ ಪೆಟ್ರೋಲಿನ್ಯಾಗ ಸೀಸ ಇರ್ತಿತ್ತು, ಅದು ಸೀಟು ಸವೀಧಂಗ ಕಾಯ್ತಿತ್ತು. 2000ನೇ ಇಸವಿ ಫೆಬ್ರುವರಿಯಿಂದ ದೇಶದಾಗೆಲ್ಲಾ ಸೀಸ ಇಲ್ಲದ ಪೆಟ್ರೋಲ. ನಮ್ಮ ಎದಿಗೆ, ಮಕ್ಕಳ ಮೆದುಳಿಗೆ ಅದು ಒಳ್ಳೇದ ಆತು. ಆದ್ರ ಹಳೇ ಬೀಡಿನ ಸೀಟು ಸವೀತಾವ, ಅದಕ್ಕ ಬಳಿ ಬೇಕು.

ಕಡೀಕ ವಾಲ್ವ್ ಕೂಡ್ರಿಸೋ ಕೆಲಸ. ಕೋಲಿನ ತುದಿಗೆ ರಬ್ಬರ್ ಬಟ್ಟಲ ಇರತೈತಿ, ವಾಲ್ವಿಗೆ ಅದನ್ನ ಕಚ್ಚಿಸಿ, ಸೀಟಿಗೆ ಪೇಸ್ಟ್ ಹಚ್ಚಿ, ಎರಡೂ ಅಂಗೈ ನಡುವ ಕೋಲು ಹೊಸೀಬೇಕು. ಕಡಗೋಲು ತಿರಿವಿಧಂಗ ನೋಡ್ರಿ. ಸೀಟಿನ ಸುತ್ತ ಬೂದಿ ಬಣ್ಣದ ಒಂದ ಗೆರಿ ಮೂಡೋ ಮಟ. ನಮ್ಮನಿಯವ್ರು "ಇದು ನನ್ನ ಕೆಲಸ" ಅಂತ ಕೈ ಚಾಚಿದ್ರು. ಎಡಗೈ ಹಿಡೀತು, ಬಲಗೈ ಜಾರ್ತು. ಮಗ ಆ ಬಲಗೈ ಮ್ಯಾಲ ತನ್ನ ಕೈ ಇಟ್ಟ. ಮೊದಲನೇ ವಾಲ್ವಿಗೆ ಒಂದು ಪೂರಾ ಸಂಜಿ ಹಿಡೀತು. ದಿನಕ್ಕೊಂದರಂಗ ಎಂಟು ವಾಲ್ವ್, ಎಂಟು ದಿನ. ಕಡೀ ಎರಡಕ್ಕ ಮಗ ಕೈ ತಗದಿದ್ದ. ಪೋರ್ಟಿನೊಳಗ ಸೀಮಿಎಣ್ಣಿ ಹೊಯ್ದು ನೋಡಿದ್ರ ವಾಲ್ವಿನ ಕೆಳಗ ಒಂದ ಹನೀನೂ ಸೋರಲಿಲ್ಲ.

ವ್ಯಾಯಾಮದ ಡಾಕ್ಟರಿಗೆ ಹೇಳಿದಾಗ, "ಇದ ಬೇಕಾಗಿತ್ತು, ಮುಂದುವರಸ್ರಿ" ಅಂದ್ರು. ಕೈ ಪೂರಾ ಬಂತು ಅಂತ ನಾ ಹೇಳಂಗಿಲ್ಲ. ಚಮಚ ಹಿಡೀತಾರ, ಗುಂಡಿ ಹಾಕ್ಕೋತಾರ. ರೊಟ್ಟಿ ಮುರಿಯೋದು ಇನ್ನೂ ನಾನ. ಈಗ ದಿನಾ ಮುಂಜಾನಿ ಮಜ್ಜಿಗಿ ಕಡಿಯೋದು ಅವ್ರ ಪಾಲಿನ ಕೆಲಸ.

ಗಾಡಿ ಓಡಾಕತ್ತೈತಿ. ಹೆಚ್ಚು ಗಾಳಿ ಹೋದ್ರ ಪೆಟ್ರೋಲೂ ಅದಕ್ಕ ತಕ್ಕಂಗ ಕೊಡಬೇಕು ಅಂತ ಕಾರ್ಬೊರೇಟರ್ ಮತ್ತ ಹೊಂದಿಸಿದ್ರು. ಪ್ಲಗ್ ಬಿಚ್ಚಿ ಬಣ್ಣ ನೋಡ್ತಾರ. ಬೆಳ್ಳಗಿದ್ರ ಪೆಟ್ರೋಲ್ ಕಡಿಮಿ, ಮಸಿಯಂಗಿದ್ರ ಹೆಚ್ಚು, ಹಾಲು ಹಾಕಿದ ಚಹಾದಂಗಿದ್ರ ಬರೋಬ್ಬರಿ. ನಾವು ಮೂವರೂ, ನರಗುಂದದ ಅಕ್ಕ-ಮಾವ ಕೂಡಿ ಕಾಲಕಾಲೇಶ್ವರಕ್ಕ ಹೋಗಿ ಬಂದ್ವಿ. ಏರಿನ್ಯಾಗ ಗೇರ್ ಇಳಸಲಾರದ ಹತ್ತಿತು. ಬೈದಿದ್ದ ಅಕ್ಕ ಹಿಂದಿನ ಸೀಟಿನ್ಯಾಗ ನಿದ್ದಿ ಹೊಡದ್ಲು. ಮೂರು ಮದುವಿ ಬಾಡಿಗಿ ಬಂದಾವ. ಭೀಸಿ ರೊಕ್ಕ ತಿರುಗಿ ಡಬ್ಬಿಗೆ ಬೀಳಾಕತ್ತೈತಿ.

ನಿಮ್ಮ ಹುಡುಗ್ರೂ ಇಂಥಾ ಕೆಲಸಕ್ಕ ಕೈ ಹಾಕಿದ್ರ ನಾಕು ಮಾತು ನೆನಪಿಡ್ರಿ. ಬೀಡಿನ ಪುಡಿ ಎದಿಯೊಳಗ ಹೋಗಬಾರ್ದು, ಮೂಗು-ಬಾಯಿಗೆ ಮಾಸ್ಕ, ಕಣ್ಣಿಗೆ ಕನ್ನಡಕ ಇರಲೇಬೇಕು. ಆ ಬಟ್ಟಿ ಬ್ಯಾರೆ ಒಗೀರಿ, ಇಲ್ಲಂದ್ರ ಬಿಳೇ ಬಟ್ಟಿಗೆ ತುಕ್ಕಿನ ಚುಕ್ಕಿ ಕೂಡ್ತಾವ, ಬಿಡಂಗಿಲ್ಲ. ಕೊಟ್ಟ ಕಣಕ ತಿರುಗಿ ಅಡಗಿಮನ್ಯಾಗ ತಗೋಬ್ಯಾಡ್ರಿ, ದನಕ್ಕೂ ಹಾಕಬ್ಯಾಡ್ರಿ. ಮತ್ತ ರೊಕ್ಕ ಕೊಡೋ ಮುಂದ ಅಳತಿ ಕೇಳ್ರಿ. ಕೇಳಾಕ ನಮಗ ಇಂಜಿನ್ ಗೊತ್ತಿರಬೇಕಂತ ಏನಿಲ್ಲ.

ಮುಂದಿನ ಸಲ ಕೆಂಪ ಮೆಣಸಿನಕಾಯಿ ರಂಜಕ ಬರೀತೀನಿ. ಮಜ್ಜಿಗಿ ಬೇಕಾದವ್ರು ಮುಂಜಾನಿ ಬರ್ರಿ.