ಪಾಚಿಗೆ ಎಷ್ಟು ರೇಟು?

ಶಿವಮೊಗ್ಗದಲ್ಲಿ ಮನೆ ಕಟ್ಟಿಸೋರು ಕಾಂಪೌಂಡಿಗೆ ಯಾವ ಬಣ್ಣ ಹೊಡೆಸೋದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ತಾರೆ. ಎರಡು ಮಳೆಗಾಲ ಕಳೀಲಿ, ಎಲ್ಲರ ಕಾಂಪೌಂಡಿಗೂ ಒಂದೇ ಬಣ್ಣ. ಜುಲೈನಲ್ಲಿ ಹಸಿರು, ನವೆಂಬರ್ ಹೊತ್ತಿಗೆ ಕಪ್ಪು. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ. ನಮ್ಮ ಪೇಟೆಗೆ ಅದರ ಒಂದು ಪಾಲಷ್ಟೇ ಬರೋದು. ಆದ್ರೆ ಪಾಚಿಗೆ ಅಷ್ಟು ಸಾಕು.

ಹಳ್ಳಿ ಮನೆಗಳಲ್ಲಿ ಇದಕ್ಕೆ ಉಪಾಯ ಇತ್ತು. ಮಳೆ ಶುರುವಾಗ್ತಿದ್ದ ಹಾಗೆ ಅಂಗಳಕ್ಕೆ ಅಡಿಕೆ ಸೋಗೆ ಹಾಸೋರು, ಓಡಾಡೋ ಕಡೆ ಅಡಿಕೆ ದಬ್ಬೆ ಹಾಕೋರು. ಕಾಲಿಗೆ ಪಾಚಿ ಸಿಗ್ತಾನೇ ಇರಲಿಲ್ಲ. ಪೇಟೆಯ 30-40 ಸೈಟಿನಲ್ಲಿ ಸೋಗೆ ಎಲ್ಲಿಂದ ತರೋದು? ಇಂಟರ್‌ಲಾಕ್ ಹಾಕಿಸಿದ ಪಾರ್ಕಿಂಗು, ಮೆಟ್ಟಿಲು, ತುಳಸಿಕಟ್ಟೆಯ ಸುತ್ತ ಎಲ್ಲಾ ಕಡೆ ಜಾರಿಕೆ. ಬೆಳಿಗ್ಗೆ ಹೂವು ಕೊಯ್ಯೋಕೆ ಹೋದ ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರ್ಕೊಂಡ ಕಥೆ ನಿಮ್ಮ ಬೀದೀಲೂ ಒಂದಾದರೂ ಇರುತ್ತೆ.

ನಾನು ಸೈಡ್ ಬಿಸಿನೆಸ್ ಅಂತ ಶುರು ಮಾಡಿದ್ದು ಇದನ್ನೇ. ವಾರದಲ್ಲಿ ಐದು ದಿನ ವಿನೋಬನಗರದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೀತೀನಿ. ಶನಿವಾರ, ಭಾನುವಾರ ಸ್ಕೂಟರ್ ಹಿಂದೆ ಮೆಷಿನ್ ಕಟ್ಕೊಂಡು ಹೋಗಿ ಬೇರೆಯವರ ಅಂಗಳ, ಕಾಂಪೌಂಡು, ಟೆರೇಸು ತೊಳೀತೀನಿ. ಪ್ರೆಶರ್ ವಾಷರ್ ಅಂದ್ರೆ ಏನೋ ಫಾರಿನ್ ಸಾಮಾನು ಅಂದ್ಕೋಬೇಡಿ. ಕೊಳೆ ರೋಗ ಬರದಿರಲಿ ಅಂತ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋ ಪಂಪು ಇದರ ಅಣ್ಣ. ಸಾಗರ ರಸ್ತೆಯಲ್ಲಿ ಬೈಕಿಗೆ ವಾಟರ್ ಸರ್ವೀಸ್ ಮಾಡೋ ಪಂಪು ಇದರ ತಮ್ಮ. ಮಲೆನಾಡಿನವರಿಗೆ ಇದು ಗೊತ್ತಿರೋ ಮನೆತನವೇ.

ಇದನ್ನ ಓದಿ ನಿಮಗೂ ಒಂದು ಕೈ ನೋಡೋಣ ಅನ್ನಿಸಿದ್ರೆ ಅಂತ ಕೆಲವು ಲೆಕ್ಕ ಹೇಳಿಬಿಡ್ತೀನಿ.

ಮೆಷಿನ್ನಿನ ಜೋರು ಅಳೆಯೋದು ಬಾರ್‌ನಲ್ಲಿ. ನನ್ನದು 130 ಬಾರ್. ಕಾರಿನ ಟೈರಲ್ಲಿ ಇರೋ ಗಾಳಿ ಹೆಚ್ಚುಕಮ್ಮಿ 2.2 ಬಾರ್. ಅಂದ್ರೆ ಇದು ಅದರ ಸುಮಾರು ಅರವತ್ತು ಪಟ್ಟು. ಹಾಗಾಗಿ ತಮಾಷೆಗೂ ಯಾರ ಕಡೆಗೂ ಗನ್ ತಿರುಗಿಸಬಾರದು, ಹತ್ತಿರದಿಂದ ತಗುಲಿದ್ರೆ ಚರ್ಮ ಸೀಳಿಬಿಡುತ್ತೆ. ನಾಜಲ್‌ಗಳಿಗೆ ಬಣ್ಣ ಇರುತ್ತೆ. ಕೆಂಪು ಅಂದ್ರೆ ಸೊನ್ನೆ ಡಿಗ್ರಿ, ಸೂಜಿ ಹಾಗೆ ಒಂದೇ ಗೆರೆ. ಹಳದಿ 15, ಹಸಿರು 25, ಬಿಳಿ 40. ಮನೆ ಕೆಲಸಕ್ಕೆ ಹಸಿರು, ಬಿಳಿ ಎರಡೇ ಸಾಕು. ಕೆಂಪನ್ನ ನಾನು ಡಬ್ಬದಿಂದ ಹೊರಗೇ ತೆಗೆಯಲ್ಲ.

ಯಾವುದನ್ನ ತೊಳೀಬೇಕು ಅನ್ನೋದಕ್ಕಿಂತ ಯಾವುದನ್ನ ಮುಟ್ಟಬಾರದು ಅಂತ ಗೊತ್ತಿರೋದು ಮುಖ್ಯ. ಗ್ರಾನೈಟು, ಗಟ್ಟಿ ಕಾಂಕ್ರೀಟು ಏನು ಮಾಡಿದ್ರೂ ತಡ್ಕೊಳ್ತವೆ. ಜಂಬಿಟ್ಟಿಗೆ ಕಲ್ಲು ತಡೆಯಲ್ಲ, ಪುಡಿಪುಡಿಯಾಗಿ ಉದುರುತ್ತೆ. ಹಳೇ ಸುಣ್ಣದ ಗಾರೆ, ರೆಡ್ ಆಕ್ಸೈಡ್ ನೆಲ ಇವಕ್ಕೆ ಮೆಷಿನ್ ತೋರಿಸಲೇಬಾರದು. ಮಂಗಳೂರು ಹೆಂಚಿಗೆ ಕೆಳಗಿಂದ ಮೇಲಕ್ಕೆ ಹೊಡೆದ್ರೆ ನೀರು ಸೀದಾ ಅಟ್ಟದ ಮೇಲೆ. ಇಂಟರ್‌ಲಾಕ್ ತೊಳೆದಾಗ ಸಂದಿಯ ಮರಳೂ ಎದ್ದು ಹೋಗುತ್ತೆ, ಒಣಗಿದ ಮೇಲೆ ಮತ್ತೆ ಮರಳು ತುಂಬಿ ಕೊಡಬೇಕು. ಮೀಟರ್ ಬೋರ್ಡಿನ ಹತ್ತಿರ ಹೋಗೋದೇ ಬೇಡ. ಇಎಲ್‌ಸಿಬಿ ಇಲ್ಲದ ಮನೇಲಿ ನಾನು ಪ್ಲಗ್ ಹಾಕಲ್ಲ.

ಇನ್ನು ನೀರು. 'ತುಂಗಾ ಪಾನ, ಗಂಗಾ ಸ್ನಾನ' ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋ ಊರು ನಮ್ಮದು. ಆ ನೀರಲ್ಲಿ ಪಾಚಿ ತೊಳೆಯೋದಾ ಅಂತ ಮೊದಲ ದಿನವೇ ಒಬ್ಬ ಅಜ್ಜಿ ಕೇಳಿದ್ರು. ನ್ಯಾಯವಾದ ಪ್ರಶ್ನೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರಬಹುದು. ನನ್ನ ಮೆಷಿನ್ ನಿಮಿಷಕ್ಕೆ 7 ಲೀಟರ್ ಕುಡಿಯುತ್ತೆ, ಮಾಮೂಲಿ ಪೈಪು ಅದರ ಎರಡು ಪಟ್ಟಿಗಿಂತ ಹೆಚ್ಚು ಸುರಿಯುತ್ತೆ. ಆದ್ರೂ ಒಂದು ಮನೆಗೆ ಐದಾರು ನೂರು ಲೀಟರ್ ಬೇಕೇ ಬೇಕು. ಹಾಗಾಗಿ ನನ್ನ ನಿಯಮ ಸರಳ: ಬೋರ್ ನೀರು ಇಲ್ಲಾ ಸಂಪಲ್ಲಿ ಹಿಡಿದಿಟ್ಟ ಮಳೆ ನೀರು ಇದ್ದ ಕಡೆ ಮಾತ್ರ ಕೆಲಸ. ತುಂಗೆ ಕುಡಿಯೋಕೆ ಇರಲಿ.

ಕಾಗದ ಪತ್ರದ ವಿಷಯ ಚಿಕ್ಕದು. ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಪುಕ್ಕಟೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋ ತನಕ ಜಿಎಸ್‌ಟಿ ಬೇಡ. ಬಂದ ದುಡ್ಡನ್ನ ರಿಟರ್ನ್ಸ್‌ನಲ್ಲಿ ಮಾತ್ರ ತೋರಿಸಿ. ಐಟಿಯವರು ಆಫರ್ ಲೆಟರ್ ಇನ್ನೊಂದು ಸಲ ಓದ್ಕೊಳ್ಳಿ. 2022ರಲ್ಲಿ ವಿಪ್ರೋ 300 ಜನರನ್ನ ಮನೆಗೆ ಕಳಿಸಿದ್ದು ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡ್ತಿದ್ರು ಅಂತ. ಪಾಚಿ ನಮ್ಮ ಕಂಪನಿಯ ಪ್ರತಿಸ್ಪರ್ಧಿ ಅಲ್ಲ ಅಂತ ಗೊತ್ತಿದ್ರೂ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಒಪ್ಪಿಗೆ ತಗೊಂಡೆ.

ಕಂಪನಿ ಒಪ್ಪಿದಷ್ಟು ಸುಲಭವಾಗಿ ಅಪ್ಪ ಒಪ್ಪಲಿಲ್ಲ.

ಅಪ್ಪ ಭದ್ರಾವತಿಯ ವಿಐಎಸ್‌ಎಲ್‌ನಲ್ಲಿದ್ದು ನಿವೃತ್ತರಾದೋರು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಶುರುವಾದದ್ದು ಅದು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನ ಮುಚ್ಚೋ ತೀರ್ಮಾನ ಹೊರಬಿತ್ತು. ಆಮೇಲೆ ಹೋರಾಟ, ಒಂದಿಷ್ಟು ಕೆಲಸ ಮತ್ತೆ ಶುರು, ಹಾಗೇ ಎಳೀತಾ ಇದೆ. ಪೇಪರ್ ಟೌನಿನ ಎಂಪಿಎಂ ಅದಕ್ಕೂ ಮುಂಚೆಯೇ ನಿಂತಿತ್ತು. ಒಂದೇ ಸಂಬಳ ನಂಬ್ಕೊಂಡ ಊರಿಗೆ ಏನಾಗುತ್ತೆ ಅನ್ನೋದನ್ನ ಭದ್ರಾವತಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಎರಡನೇ ಆದಾಯ ಅಂದಾಗ ಅಪ್ಪ ತಲೆಯಾಡಿಸಿದ್ರು. ಯಾವ ಕೆಲಸ ಅಂತ ಹೇಳಿದಾಗ ಪೇಪರ್ ಮಡಚಿಟ್ಟು, "ಬಿಇ ಓದಿಸಿದ್ದು ಕಂಡೋರ ಅಂಗಳ ತೊಳೀಲಿ ಅಂತಾನಾ?" ಅಂದ್ರು.

"ನೀವೂ ದಿನಾ ಮಸಿ ಮೆತ್ಕೊಂಡೇ ಮನೆಗೆ ಬರ್ತಿದ್ರಲ್ಲಪ್ಪ."

"ಅದು ಕಾರ್ಖಾನೆ ಮಸಿ ಕಣೋ" ಅಂದ್ರು. ಅಷ್ಟೇ. ಆ ಮಾತಲ್ಲಿ ಎಲ್ಲಾ ಇತ್ತು. ನಾನು ಚಿಕ್ಕವನಿದ್ದಾಗ ನ್ಯೂಟೌನಿನಲ್ಲಿ ಶಿಫ್ಟ್ ಬಿಟ್ಟ ಸೈಕಲ್‌ಗಳು ಬರ್ತಿದ್ದ ಹೊತ್ತಿಗೆ ಅಂಗಡಿಯವರು ಎದ್ದು ಮಾತಾಡಿಸೋರು. ಮಸಿಗೂ ಮರ್ಯಾದೆ ಇತ್ತು, ಯಾಕಂದ್ರೆ ಅದು ಕಂಪನಿಯ ಮಸಿ. ಪಾಚಿಗೆ ಆ ಭಾಗ್ಯ ಇಲ್ಲ. ಕೊಳೆಯಲ್ಲೂ ಮೇಲುಕೀಳು ಇದೆ.

ಅಪ್ಪ ಹೆದರಿದ್ದ ಅವಮಾನ ಮಾತ್ರ ನನಗೆ ಎಲ್ಲೂ ಆಗಲಿಲ್ಲ. ನಿಜ ಹೇಳ್ಬೇಕಂದ್ರೆ ಉಲ್ಟಾ ಆಯ್ತು. ಗೋಪಾಳದಲ್ಲಿ, ರವೀಂದ್ರನಗರದಲ್ಲಿ ಹೋದ ಮನೆಗಳಲ್ಲೆಲ್ಲಾ ಕುರ್ಚಿ ಹಾಕಿದ್ರು, ಕಪ್ಪು ಸಾಸರಲ್ಲಿ ಕಾಫಿ ಕೊಟ್ಟರು. "ಸಾಫ್ಟ್‌ವೇರ್ ಅಂತೆ, ಹವ್ಯಾಸಕ್ಕೆ ಮಾಡ್ತಾರಂತೆ" ಅಂತ ಪಕ್ಕದ ಮನೆಯವರಿಗೆ ಪರಿಚಯ ಮಾಡಿಸಿದ್ರು. ಎರಡು ಸಾವಿರ ಅಂದ್ರೆ ಚೌಕಾಸಿ ಇಲ್ಲ, "ಫೋನ್ ಪೇ ಮಾಡ್ಲಾ ಸಾರ್?" ಅನ್ನೋದೊಂದೇ ಪ್ರಶ್ನೆ.

ನಮ್ಮ ಬೀದೀಲಿ ಇದೇ ಕೆಲಸವನ್ನ ಎಷ್ಟೋ ವರ್ಷದಿಂದ ಮಾಡ್ಕೊಂಡು ಬಂದಿರೋ ಅಕ್ಕ ಒಬ್ಬರಿದ್ದಾರೆ. ಐವತ್ತು ದಾಟಿದ ವಯಸ್ಸು. ತೆಂಗಿನ ಕಡ್ಡಿ ಪೊರಕೆ, ತಂತಿ ಬ್ರಷ್ಷು, ಬ್ಲೀಚಿಂಗ್ ಪೌಡರು. ನಾನು ಎರಡೂವರೆ ಗಂಟೇಲಿ ಮುಗಿಸೋದಕ್ಕೆ ಅವರಿಗೆ ಒಂದಿಡೀ ದಿನ ಬೇಕು. ಸಿಗ್ತಿದ್ದದ್ದು 400 ರೂಪಾಯಿ. ಅದರಲ್ಲೂ "ಮುನ್ನೂರೈವತ್ತು ಮಾಡ್ಕೊ" ಅನ್ನೋರು. ಕಾಫಿ ಬಂದ್ರೂ ಹಿತ್ತಲ ಬಾಗಿಲಿಂದ, ಅದಕ್ಕೇ ಅಂತ ಬೇರೆ ಇಟ್ಟ ಲೋಟದಲ್ಲಿ. ಯಾವ ಜನ ಅಂತ ಬಾಯಲ್ಲಿ ಯಾರೂ ಕೇಳಲ್ಲ. ಲೋಟವೇ ಕೇಳುತ್ತೆ, ಲೋಟವೇ ಉತ್ತರ ಹೇಳುತ್ತೆ.

ನಾನು ಮೆಷಿನ್ ತಂದ ಮೇಲೆ ಆ ಕೆಲಸ ಒಂದೊಂದೇ ನನ್ನ ಕಡೆ ಬರೋದು ಗ್ಯಾರಂಟಿ ಇತ್ತು. ಹಾಗಾಗಿ ಶುರುವಿನಲ್ಲೇ ಅವರನ್ನ ಕೇಳಿದೆ, "ಜೊತೆಗೆ ಬರ್ತೀರಾ ಅಕ್ಕ? ಮನೆಗೆ ಏಳ್ನೂರು ಕೊಡ್ತೀನಿ." ಅವರು ಮೆಷಿನ್ ಸುತ್ತ ಒಂದು ಸುತ್ತು ಬಂದು, "ಇದು ಮೇಲಿಂದು ತೆಗಿತದೆ, ಬೇರು ಹಂಗೇ ಇರ್ತದೆ. ಬ್ಲೀಚಿಂಗ್ ಹಾಕಿ ಅರ್ಧ ಗಂಟೆ ಬಿಡದಿದ್ರೆ ಮುಂದಿನ ತಿಂಗಳೇ ಬರ್ತದೆ" ಅಂದ್ರು. ನಾನು ನೋಡಿದ್ದ ಅಷ್ಟೂ ವಿಡಿಯೋಗಳ ಸಾರ ಎರಡು ವಾಕ್ಯದಲ್ಲಿ! ಬ್ಲೀಚಿಂಗ್ ನೀರು ತುಳಸಿ ಬುಡಕ್ಕೆ ಹೋಗದ ಹಾಗೆ ಮಣ್ಣಿನ ಒಡ್ಡು ಕಟ್ಟೋದು, ಯಾವ ಗೋಡೆಯ ಗಾರೆ ಒಳಗೇ ಟೊಳ್ಳಾಗಿದೆ ಅಂತ ಬೆರಳಲ್ಲಿ ತಟ್ಟಿ ಹೇಳೋದು, ಎಲ್ಲಾ ಅವರದ್ದೇ ವಿದ್ಯೆ.

ಮೊದಲ ಸೀಸನ್, ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ, 19 ಮನೆ ಮಾಡಿದ್ವಿ. ಬಂದದ್ದು 38,000. ಅಕ್ಕನಿಗೆ 13,300, ಪೆಟ್ರೋಲು ಬ್ಲೀಚಿಂಗು ಅದು ಇದು 5,500. ಉಳಿದದ್ದು 19,200. ಮೆಷಿನ್ನು, ಉದ್ದದ ಪೈಪು, ಗಂಬೂಟು ಎಲ್ಲಾ ಸೇರಿ ಹಾಕಿದ್ದು 31,000. ಅಸಲು ಬರೋಕೆ ಎರಡನೇ ಸೀಸನ್ ಬೇಕಾಯ್ತು. ಮೂರು ತಿಂಗಳಲ್ಲಿ ಲಕ್ಷ ಎಣಿಸಬಹುದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಮೆಷಿನ್ ಬಂತು, ಕೆಲಸಕ್ಕೆ ಬೆಲೆ ಬಂತು, ಎಲ್ಲರಿಗೂ ಒಳ್ಳೇದಾಯ್ತು. ನಾನೂ ಸ್ವಲ್ಪ ದಿನ ಹಾಗೇ ಹೇಳ್ಕೊಂಡು ಓಡಾಡ್ತಿದ್ದೆ. ನಾಲ್ಕನೇ ವಾರ ಅಕ್ಕ ಗನ್ ಹಿಡಿದ್ರು. ನನಗಿಂತ ಚೆನ್ನಾಗೇ ಹಿಡಿದ್ರು. ಗೋಡೆಯಿಂದ ಒಂದೇ ದೂರ, ಪಟ್ಟೆ ಬೀಳದ ಹಾಗೆ ಒಂದೇ ಸಮ. ನಾನು ಸಂದಿಗೆ ಮರಳು ತುಂಬ್ತಾ ಕೂತಿದ್ದೆ. ಮನೆ ಯಜಮಾನರು ಹೊರಗೆ ಬಂದು ನೋಡಿದ್ರು. "ಏನ್ಸಾರ್, ಅವಳ ಕೈಗೆ ಕೊಟ್ಟುಬಿಟ್ರಿ? ನೀವೇ ಮಾಡ್ತೀರ ಅಂತ ತಾನೇ ಅಷ್ಟು ರೇಟಿಗೆ ಒಪ್ಪಿದ್ದು?"

ಅದೇ ಮೆಷಿನ್ನು, ಅದೇ ನೀರು, ಅದೇ 130 ಬಾರ್. ಗೋಡೆ ನನ್ನ ಕೈಯಲ್ಲಿ ಆಗೋದಕ್ಕಿಂತ ಸ್ವಚ್ಛವಾಗಿತ್ತು. ರೇಟು ಮಾತ್ರ ಕೈ ಬದಲಾದ ಕೂಡಲೇ ಇಳೀತು. ಅಂದ್ರೆ ಇಷ್ಟು ದಿನ ಕುರ್ಚಿ, ಕಾಫಿ, 'ಸಾರ್' ಇದೆಲ್ಲಾ ಮೆಷಿನ್ನಿಗೆ ಸಿಕ್ಕ ಮರ್ಯಾದೆ ಆಗಿರಲಿಲ್ಲ. ನಾವು ಆಫೀಸಿನವರು ಟೆಕ್ನಾಲಜಿ ಬಂದ್ರೆ ಕೆಲಸಕ್ಕೆ ಘನತೆ ತಾನಾಗೇ ಬರುತ್ತೆ ಅಂತ ಪ್ರೆಸೆಂಟೇಷನ್ ಮಾಡ್ತೀವಲ್ಲ, ಅದನ್ನ ಒಂದು ಭಾನುವಾರ ಗೋಪಾಳದ ಕಾಂಪೌಂಡಿನ ಎದುರು ಮಾಡಿ ನೋಡಬೇಕು.

ಅವತ್ತು ಅಕ್ಕ ಏನೂ ಅನ್ನಲಿಲ್ಲ. ಟ್ರಿಗರ್ ಬಿಟ್ಟು ಗನ್ ನನ್ನ ಕಡೆ ಚಾಚಿದ್ರು. ನಾನು ತಗೊಳ್ಳಲಿಲ್ಲ. "ರೇಟು ಗೋಡೆಗೆ ಸಾರ್, ಕೈಗಲ್ಲ. ಅವರೇ ಮುಗಿಸ್ತಾರೆ, ಒಂದಿಂಚು ಪಾಚಿ ಉಳಿದ್ರೆ ದುಡ್ಡು ಕೊಡಬೇಡಿ" ಅಂದೆ. ಅವರು ಮುಖ ಗಂಟು ಹಾಕ್ಕೊಂಡೇ ದುಡ್ಡು ಕೊಟ್ಟರು. ಮತ್ತೆ ಕರೀಲಿಲ್ಲ.

ಅದಾದ ಮೇಲೆ ವಾಟ್ಸಾಪಿನಲ್ಲಿ ರೇಟ್ ಕಳಿಸುವಾಗಲೇ ಒಂದು ಸಾಲು ಸೇರಿಸ್ತೀನಿ: 'ಇಬ್ಬರು ಬರ್ತೀವಿ, ಮೆಷಿನ್ ಇಬ್ಬರಲ್ಲಿ ಯಾರು ಬೇಕಾದ್ರೂ ನಡೆಸ್ತೀವಿ.' ಈ ಸಾಲು ಓದಿ ಸುಮ್ಮನಾದೋರೂ ಇದ್ದಾರೆ. ಹೆಚ್ಚಿನವರಿಗೆ ತೊಂದರೆ ಇಲ್ಲ, ಅವರಿಗೆ ದೀಪಾವಳಿ ಒಳಗೆ ಅಂಗಳ ಬೆಳ್ಳಗಾದ್ರೆ ಸಾಕು. ಕಾಫಿ ವಿಷಯಕ್ಕೆ ನಾವೇ ಫ್ಲಾಸ್ಕ್ ಒಯ್ಯೋಕೆ ಶುರು ಮಾಡಿದ್ವಿ. ಎರಡು ಸ್ಟೀಲ್ ಲೋಟ, ಎರಡೂ ಒಂದೇ ಥರದ್ದು.

ಅಪ್ಪ ಈಗಲೂ ಈ ಕೆಲಸದ ಬಗ್ಗೆ ನೆಂಟರ ಹತ್ರ ಮಾತೆತ್ತಲ್ಲ. ಆದ್ರೆ ಗನ್ನಿನ ಜಾಯಿಂಟಲ್ಲಿ ನೀರು ಸೋರ್ತಿದೆ ಅಂದಾಗ ಮೆಷಿನ್ನನ್ನ ಭದ್ರಾವತಿಗೆ ತರಿಸ್ಕೊಂಡು, ಓರಿಂಗ್ ಬದಲಾಯಿಸಿ, ಎಣ್ಣೆ ಹಚ್ಚಿ, ಒರೆಸಿ ಕಳಿಸಿದ್ರು. ಕಬ್ಬಿಣದ ಸಾಮಾನಿನ ಮೇಲೆ ಅವರಿಗೆ ಸಿಟ್ಟಿಲ್ಲ.

ಈ ವರ್ಷದಿಂದ ವಾರದ ದಿನಗಳಲ್ಲಿ ಮೆಷಿನ್ ಅಕ್ಕನ ಹತ್ರಾನೇ ಇರುತ್ತೆ. ತಮ್ಮನ ಮಗನ ಆಟೋದಲ್ಲಿ ಹಾಕ್ಕೊಂಡು ಹೋಗ್ತಾರೆ, ದಿನಕ್ಕೆ 300 ನನಗೆ ಬಾಡಿಗೆ, ಮಿಕ್ಕಿದ್ದು ಪೂರಾ ಅವರದ್ದು. ಜಾಸ್ತಿ ತಗೊಳ್ಳಿ ಅಂತ ನಾನು ಹೇಳ್ತಾನೇ ಇರ್ತೀನಿ, ಅವರು ಅದೇ ಅಳತೆಯ ಮನೆಗೆ 1,500 ಹೇಳ್ತಾರೆ. ಯಾಕಕ್ಕ ಐನೂರು ಕಮ್ಮಿ ಅಂದ್ರೆ, "ನಿಮಗೆ ಕೊಡ್ತಾರೆ, ನನಗೆ ಕೊಡಲ್ಲ. ಕೇಳಿ ಕೆಲಸ ಕಳ್ಕೊಳ್ಳಾ?" ಅಂತ ನಗ್ತಾರೆ. ಹಳೇ ನಾನೂರಕ್ಕೆ ಹೋಲಿಸಿದ್ರೆ ಇದು ದೊಡ್ಡದೇ, ಅವರ ಲೆಕ್ಕದಲ್ಲಿ ಅವರು ಗೆದ್ದಿದ್ದಾರೆ.

ಆದ್ರೂ ಆ ಐನೂರು ನನ್ನ ತಲೇಲಿ ಉಳಿದುಬಿಟ್ಟಿದೆ. ಪಾಚಿ ತೆಗೆಯೋಕೆ ಇಂಥ ನಾಜಲ್, ಇಷ್ಟು ಬಾರ್ ಅಂತ ಲೆಕ್ಕ ಇದೆ. ಈ ಐನೂರನ್ನ ತೊಳೆಯೋ ಮೆಷಿನ್ ಯಾವ ಅಂಗಡೀಲೂ ಸಿಗಲ್ಲ. ಮುಂದಿನ ಮಳೆಗಾಲ ಮುಗಿದ ಮೇಲೆ ನಿಮ್ಮ ಮನೆಗೂ ಯಾರಾದ್ರೂ ಅಂಗಳ ತೊಳೆಯೋಕೆ ಬರಬಹುದು. ರೇಟು ಕೇಳಿ, ತಪ್ಪಿಲ್ಲ, ಜಾಸ್ತಿ ಅನ್ನಿಸಿದ್ರೆ ಬೇಡ ಅನ್ನಿ. ಅವರು ಮೆಷಿನ್ ತಂದಿರಲಿ, ಪೊರಕೆ ತಂದಿರಲಿ, ಕೆಲಸ ಮುಗಿದ ಮೇಲೆ ಗೋಡೆ ನೋಡಿ ದುಡ್ಡು ಕೊಡಿ.