ಜನರೇಟರ್ ಕಾಯ್ದ ರಾತ್ರಿ

ಮುಂದಿನ ತಿಂಗಳು ನಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಇದೆ. ಏಳು ದಿನ ಹಳ್ಳಿಯಲ್ಲಿ ಇರಬೇಕು. ಕರೆಂಟ್ ಹೋದರೆ ಬೇಕಾಗುತ್ತದೆ ಎಂದು ಒಂದು ಸಣ್ಣ ಜನರೇಟರ್ ಬಾಡಿಗೆಗೆ ತರುವ ಮಾತು ಮೀಟಿಂಗ್‌ನಲ್ಲಿ ಬಂತು. "ಕಳ್ಳತನವಾದರೆ ಯಾರು ಹೊಣೆ?" ಎಂದು ಸರ್ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ನಮ್ಮ ಮಾಮುವಿನದು ಶಾಮಿಯಾನ ಅಂಗಡಿ ಎಂದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ರಾತ್ರಿ ರೂಮಿನೊಳಗೇ ಇಟ್ಕೊಂಡ್ರಾಯ್ತು ಸಾರ್" ಎಂದ. ಆ ಮಾತು ಕೇಳಿ ನನ್ನ ಎದೆ ಝಲ್ ಎಂದಿತು. ಅಂದು ಎದ್ದು ನಿಂತು ಹೇಳಲು ಧೈರ್ಯ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯ ಆಜಾದ್ ನಗರದಲ್ಲಿ ಮಾಮುವಿನ ಅಂಗಡಿ. ಶಾಮಿಯಾನ, ಕುರ್ಚಿ, ಟ್ಯೂಬ್‌ಲೈಟ್, ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಾರೆ. ಜನರೇಟರ್ ಎರಡಿವೆ. ಒಂದು ಗಾಲಿಯ ಮೇಲೆ ಕೂತಿರುವ ದೊಡ್ಡ ಡೀಸೆಲ್ ಜನರೇಟರ್. ಇನ್ನೊಂದು ಪೆಟ್ರೋಲಿನ ಸಣ್ಣದು, ಇಬ್ಬರು ಹಿಡಿದರೆ ಎತ್ತಬಹುದು. ದೊಡ್ಡದನ್ನು ಕದಿಯಬೇಕಾದರೆ ಟ್ರ್ಯಾಕ್ಟರ್ ಬೇಕು. ಸಣ್ಣದನ್ನು ಕದಿಯಲು ಇಬ್ಬರು ಮನುಷ್ಯರು, ಒಂದು ಲಗೇಜ್ ಆಟೋ ಇದ್ದರೆ ಸಾಕು.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಹಾಗೆಯೇ ಆಯಿತು. ಅಂದು ನಮ್ಮ ಸಣ್ಣ ಜನರೇಟರ್ ರಿಪೇರಿಗೆ ಹೋಗಿತ್ತು. ಮಾಮು ಇನ್ನೊಂದು ಅಂಗಡಿಯವರಿಂದ ಒಂದನ್ನು ಕೇಳಿ ತಂದಿದ್ದರು. ಕರೆಂಟ್ ಬಂದ ಮೇಲೆ ಅದನ್ನು ಬಂದ್ ಮಾಡಿ ಎಲ್ಲರೂ ಊಟಕ್ಕೆ ಕೂತೆವು. ಬಿರಿಯಾನಿ ತಿಂದು ಕೈ ತೊಳೆದು ಬರುವಷ್ಟರಲ್ಲಿ ಕಾಂಪೌಂಡ್ ಹಿಂದೆ ಜನರೇಟರ್ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಒಂದಿಷ್ಟು ಆಯಿಲ್ ಮಾತ್ರ ಬಿದ್ದಿತ್ತು. ಅವತ್ತು ಒಂದು ಸಂಗತಿ ತಿಳಿಯಿತು. ಓಡುವ ಜನರೇಟರ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಅದನ್ನು ಯಾರಾದರೂ ಮುಟ್ಟಿದರೆ ದೀಪ ಆರುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಕಳ್ಳತನವಾಗುವುದು ಅದು ಬಂದ್ ಆದ ಮೇಲೆ. ಎಲ್ಲಿದೆ ಎಂಬುದನ್ನು ಅಷ್ಟು ಹೊತ್ತು ಅದರ ಸದ್ದೇ ಊರಿಗೆಲ್ಲ ಹೇಳಿರುತ್ತದೆ.

ಠಾಣೆಗೆ ಹೋದಾಗ ಮೊದಲು ಕೇಳಿದ್ದು ಎಂಜಿನ್ ನಂಬರ್. ಅದು ಸೆಕೆಂಡ್ ಹ್ಯಾಂಡ್ ಮಾಲು, ಬಿಲ್ಲೂ ಇಲ್ಲ, ನಂಬರನ್ನು ಯಾರೂ ಬರೆದಿಟ್ಟಿರಲಿಲ್ಲ. ನಂಬರ್ ಇಲ್ಲದೆ, ಸಿಕ್ಕರೂ ನಮ್ಮದೆಂದು ಹೇಗೆ ಹೇಳುವುದು? ಮಾಮು ಚೀಟಿ ಹಣ ಎತ್ತಿ ಆ ಅಂಗಡಿಯವರಿಗೆ ಕೊಟ್ಟರು. ಅವರು ಅರ್ಧ ಸಾಕು ಎಂದರೂ ಕೇಳಲಿಲ್ಲ. "ಅಮಾನತ್ ಇತ್ತು, ಪೂರಾ ಕೊಡಬೇಕು" ಎಂದರು. ಕನ್ನಡ ಪತ್ರಿಕೆಯಲ್ಲಿ 'ಅಮಾನತು' ಎಂದರೆ ನೌಕರರನ್ನು ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಆ ವರ್ಷ ಮನೆಯಲ್ಲಿ ಆ ಶಬ್ದವನ್ನು ಬಹಳ ಸಲ ಕೇಳಿದೆ.

ನಾನು ಪಿಯುಸಿಗೆ ಬಂದು ಕಾಮರ್ಸ್ ತೆಗೆದುಕೊಂಡ ಮೇಲೆ ಬಿಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ತತ್ವಗಳು ಬಂದವು. ಅದರಲ್ಲಿ ಒಂದು, ಹಾನಿಯನ್ನು ಕಡಿಮೆ ಮಾಡುವ ತತ್ವ. ವಿಮೆ ಇದೆ ಎಂದು ಕೈಕಟ್ಟಿ ಕೂರಬಾರದು, ವಿಮೆಯೇ ಇಲ್ಲ ಎಂಬಂತೆ ವಸ್ತುವನ್ನು ಕಾಪಾಡಬೇಕು. ಮಾಮುವಿನ ಸಾಮಾನಿಗೆ ವಿಮೆ ಇಲ್ಲವೇ ಇಲ್ಲ. ವಿಚಾರಿಸಿದಾಗ, ಬಾಗಿಲೋ ಬೀಗವೋ ಒಡೆದು ಕದ್ದರೆ ಸಿಗುವ ಅಂಗಡಿಯ ವಿಮೆ ಬಯಲಿನಲ್ಲಿಟ್ಟ ಸಾಮಾನಿಗೆ ತಾನಾಗಿಯೇ ಬರುವುದಿಲ್ಲ ಎಂದು ತಿಳಿಯಿತು. ಹಾಗಾದರೆ ನಾವೇ ಕಾಯಬೇಕು ಎಂದು ನಾನು ಆ ಕೆಲಸವನ್ನು ನನ್ನ ಮೇಲೆ ಹಾಕಿಕೊಂಡೆ.

ಸಣ್ಣ ಜನರೇಟರಿನ ಎಂಜಿನ್ ನಂಬರ್ ಬರೆದುಕೊಂಡು ಫೋಟೋ ತೆಗೆದೆ. ನಮ್ಮ ನಾನಾ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅವರ ಟ್ರಂಕಿನಲ್ಲಿ ನಂಬರ್ ಪಂಚುಗಳು ಹಾಗೇ ಇವೆ. "ಬಣ್ಣ ಕೆರೆದರೆ ಹೋಗುತ್ತೆ, ಪಂಚ್ ಹೋಗಲ್ಲ" ಎಂದು ಹೇಳಿ ಜನರೇಟರಿನ ಕಬ್ಬಿಣದ ಫ್ರೇಮಿನ ಮೇಲೆ ಸುತ್ತಿಗೆಯಿಂದ ಹೊಡೆದು ಅಂಗಡಿಯ ಗುರುತು ಹಾಕಿಕೊಟ್ಟರು. ದಪ್ಪ ಸರಪಳಿ, ಬೀಗ ತಂದೆವು. ಸರಪಳಿಯನ್ನು ಹಿಡಿಗೆ ಹಾಕಬಾರದು, ಫ್ರೇಮಿಗೆ ಹಾಕಬೇಕು ಎಂದೂ ಅವರೇ ಹೇಳಿದರು. ಹಿಡಿಯ ಬೋಲ್ಟನ್ನು ಒಂದು ಪಾನಾ ಇದ್ದರೆ ಬಿಚ್ಚಬಹುದು.

ಕಳೆದ ಬೇಸಿಗೆ ರಜೆಯಲ್ಲಿ ಹರಿಹರದ ಹತ್ತಿರ, ತುಂಗಭದ್ರಾ ದಂಡೆಯ ಒಂದು ಹಳ್ಳಿಯಲ್ಲಿ ಎರಡು ದಿನದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ಲೈಟು, ಮೈಕು ನಮ್ಮದು. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್ ಅಷ್ಟೇ, ಆದರೂ ಸಾಮಾನು ಬಿಟ್ಟು ಬರುವಂತಿಲ್ಲ. ನಾನು ಮತ್ತು ಮಾಮುವಿನ ಮಗ, ನಾನು ಭಾಯಿ ಎನ್ನುತ್ತೇನೆ, ಹೊಲದ ಬದಿಗೆ ತಾಡಪಾಲಿನ ಗುಡಾರ ಹಾಕಿಕೊಂಡು ಅಲ್ಲೇ ಮಲಗುವುದು ಎಂದಾಯಿತು. ರಾತ್ರಿ ಹೊಳೆಯ ಆಚೆ ಕುಮಾರಪಟ್ಟಣದ ಫ್ಯಾಕ್ಟರಿ ದೀಪಗಳು ಝಗಝಗ ಎನ್ನುತ್ತಿದ್ದವು. ಈಚೆ ನಮ್ಮದು ಒಂದೇ ಬಲ್ಬು.

ಹೊಲದ ಮಾಲೀಕರು ಒಬ್ಬ ಅಜ್ಜ. ಮೊದಲ ದಿನ ಸಂಜೆಯಿಂದ ಎರಡು ಮೂರು ಸಲ ಬಂದು ಜನರೇಟರ್ ಸುತ್ತ ತಿರುಗಿದರು. "ಇದ್ರ ರೇಟ್ ಎಷ್ಟೋ ತಮ್ಮಾ? ಒಂದು ಲೀಟ್ರಿಗೆ ಎಷ್ಟ್ ತಾಸು ಓಡ್ತೈತಿ?" ಎಂದು ಕೇಳಿದರು. ಮದುವೆಯ ಕಳ್ಳತನ ನನ್ನ ತಲೆಯಲ್ಲಿತ್ತು. "ಗೊತ್ತಿಲ್ಲಜ್ಜಾ" ಎಂದುಬಿಟ್ಟೆ. ಅವರು ಹೋದ ಮೇಲೆ ಸರಪಳಿಯನ್ನು ಇನ್ನೊಂದು ಸುತ್ತು ಬೇವಿನ ಮರಕ್ಕೆ ಬಿಗಿದೆ. ಆ ರಾತ್ರಿ ಏನೂ ಆಗಲಿಲ್ಲ.

ಎರಡನೆಯ ರಾತ್ರಿ ಫೈನಲ್ ಮುಗಿಯುವಾಗ ಹನ್ನೆರಡು ದಾಟಿತ್ತು. ಮಾಮು ದೊಡ್ಡ ಜನರೇಟರ್ ಮತ್ತು ಲೈಟುಗಳನ್ನು ಗಾಡಿಗೆ ಹಾಕಿಕೊಂಡು ದಾವಣಗೆರೆಗೆ ಹೋದರು, ಉಳಿದದ್ದಕ್ಕೆ ಬೆಳಿಗ್ಗೆ ಬರುತ್ತೇನೆ ಎಂದರು. ಅವರು ಹೋದ ಸ್ವಲ್ಪ ಹೊತ್ತಿಗೆ ಗುಡುಗು, ಗಾಳಿ, ಮಳೆ. ಊರಿನ ಕರೆಂಟೂ ಹೋಯಿತು. ಕತ್ತಲೆಯಲ್ಲಿ ಮರದ ಕೆಳಗಿನ ಜನರೇಟರ್ ಕಾಣುತ್ತಿರಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು. ಇದು ನನ್ನದೇ ಉಪಾಯ, ಭಾಯಿಯದಲ್ಲ. ಜನರೇಟರನ್ನು ಗುಡಾರದೊಳಗೆ ತಂದು ಓಡಿಸುವುದು. ಒಳಗಿದ್ದರೆ ನೆನೆಯುವುದಿಲ್ಲ, ಓಡುತ್ತಿದ್ದರೆ ಯಾರೂ ಮುಟ್ಟುವುದಿಲ್ಲ, ಬೆಳಕೂ ಇರುತ್ತದೆ. ನೀರು ಬರಬಾರದೆಂದು ತಾಡಪಾಲನ್ನು ನಾಲ್ಕೂ ಕಡೆ ಇಳಿಸಿ ಅಂಚಿಗೆ ಇಟ್ಟಿಗೆ ಇಟ್ಟೆವು. ಸರಪಳಿಯ ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು, ಇನ್ನು ಕಳ್ಳ ಬರಲಿ ನೋಡೋಣ ಎಂದು ಮಲಗಿದೆ.

ಆಮೇಲೆ ನನಗೆ ನೆನಪಿರುವುದು ಸ್ವಲ್ಪ. ತಲೆ ಸಿಡಿಯುತ್ತಿತ್ತು. ಸದ್ದಿಗೆ ಹೀಗಾಗಿದೆ ಎಂದುಕೊಂಡೆ. ಏಳಬೇಕು ಎನಿಸಿತು, ಕಾಲು ಕೇಳಲಿಲ್ಲ. ನಂತರ ಮುಖಕ್ಕೆ ಮಳೆ ಬೀಳುತ್ತಿತ್ತು. ಅಜ್ಜ ನನ್ನ ಕೆನ್ನೆಗೆ ಬಡಿಯುತ್ತಾ, "ಏಳೋ ತಮ್ಮಾ, ಉಸ್ರು ತಗಾ, ಉಸ್ರು ತಗಾ" ಎನ್ನುತ್ತಿದ್ದರು. ಮಳೆಯಲ್ಲಿ ಹುಡುಗರು ನೆನೆಯುತ್ತಾರೆ, ನಮ್ಮ ಮನೆ ಜಗುಲಿಗೆ ಬಂದು ಮಲಗಲಿ ಎಂದು ಕರೆಯಲು ಬಂದವರು ಅವರು. ಎಷ್ಟು ಕೂಗಿದರೂ ಉತ್ತರ ಬರದಿದ್ದಾಗ ತಾಡಪಾಲು ಎತ್ತಿದ್ದಾರೆ. ಬಿಸಿ ಹೊಗೆ ಮುಖಕ್ಕೆ ಹೊಡೆದಿದೆ. ಗೊಬ್ಬರದ ಚೀಲ ಎಳೆದಂತೆ ಇಬ್ಬರನ್ನೂ ಹೊರಗೆ ಎಳೆದಿದ್ದಾರೆ. ನಾನು ಅಂಚಿನಲ್ಲಿ ಮಲಗಿದ್ದರಿಂದ ಬೇಗ ಎಚ್ಚರಾದೆ, ವಾಂತಿ ಮಾಡಿಕೊಂಡೆ. ಭಾಯಿ ಕಣ್ಣು ತೆರೆಯಲಿಲ್ಲ. ಅಷ್ಟು ಹೊತ್ತು ನಾನು ಏನೇನು ದುವಾ ಮಾಡಿದೆನೋ ನನಗೇ ಗೊತ್ತಿಲ್ಲ.

ಅಜ್ಜನ ಮಗ ಲಗೇಜ್ ಆಟೋದಲ್ಲಿ ನಮ್ಮನ್ನು ಹರಿಹರದ ಆಸ್ಪತ್ರೆಗೆ ತಂದರು. ಆಕ್ಸಿಜನ್ ಹಾಕಿದರು. ಬೆಳಗಿನ ಅಜಾನ್ ಹೊತ್ತಿಗೆ ಭಾಯಿ ನನ್ನ ಹೆಸರು ಹಿಡಿದು ಕರೆದ. ಡಾಕ್ಟರ್ ಬೈಯಲಿಲ್ಲ, ಬಿಡಿಸಿ ಹೇಳಿದರು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ವಾಸನೆ ಕಡಿಮೆ ಇದ್ದರೂ ಅದು ಇರಬಹುದು. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಮಲಗಿದವರು ಎಚ್ಚರವಾಗದೆ ಹೋಗಿಬಿಡುತ್ತಾರೆ. "ಇನ್ನರ್ಧ ತಾಸು ಆಗಿದ್ದರೆ ನಾನು ಮಾಡೋಕೆ ಏನೂ ಇರ್ತಿರಲಿಲ್ಲ" ಎಂದರು.

ಮಾಮು ಬಂದವರು ಜನರೇಟರ್ ಬಗ್ಗೆ ಕೇಳಲೇ ಇಲ್ಲ. ನಮ್ಮಿಬ್ಬರ ತಲೆ ಮುಟ್ಟಿ ನೋಡಿ ಹೊರಗೆ ಹೋಗಿ ನಿಂತರು. ನಾನೇ, "ಮಾಮು, ಜನರೇಟರ್ ಬೀಗ ಹಾಕದೆ ಬಿಟ್ಟು ಬಂದಿದ್ದೇವೆ" ಎಂದೆ. ಮಧ್ಯಾಹ್ನ ಹಳ್ಳಿಗೆ ಹೋದಾಗ ಅದು ಬೇವಿನ ಮರದ ಕೆಳಗೆ ಇತ್ತು. ಪಕ್ಕದಲ್ಲಿ ಅಜ್ಜ ಗೋಣಿಚೀಲ ಹೊದ್ದು ಕೂತಿದ್ದರು. ರಾತ್ರಿಯಿಂದ ಅಲ್ಲೇ ಇದ್ದರಂತೆ. "ನಿಮ್ ಮಾಲು, ನಮ್ ಹೊಲ. ಕಳುವಾದ್ರೆ ನನ್ ಹೆಸ್ರು ಬರ್ತಿತ್ತಲ್ಲ" ಎಂದರು. ಮೊಮ್ಮಗಳ ಮದುವೆ ಗೊತ್ತಾಗಿತ್ತು, ಲೈಟಿನ ಬಾಡಿಗೆ ಎಷ್ಟಾಗಬಹುದು ಎಂದು ತಿಳಿಯಲು ನನ್ನನ್ನು ರೇಟ್ ಕೇಳಿದ್ದರಂತೆ. ನಾನು ತಲೆ ತಗ್ಗಿಸಿ ನಿಂತೆ.

ಮನೆಗೆ ಬಂದ ಮೇಲೆ ಮಾಮು ಅಮ್ಮಿಯ ಮುಂದೆ ಕೂತು, "ಆಪಾ, ನೀನು ಕೊಟ್ಟ ಅಮಾನತ್ತನ್ನು ನಾನು ಬಯಲಿನಲ್ಲಿ ಬಿಟ್ಟು ಬಂದೆ, ಮಾಫ್ ಮಾಡು" ಎಂದರು. ಅಮ್ಮಿ ಅತ್ತರು. ಮಾಮು ಹೇಳಿದ ಅಮಾನತ್ ಜನರೇಟರ್ ಅಲ್ಲ, ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಈಗಲೂ ನಾವು ಹೊರಗೆ ಕೆಲಸಕ್ಕೆ ಹೋಗುತ್ತೇವೆ. ಕಳ್ಳರ ಭಯ ಹೋಗಿಲ್ಲ, ಕಾಯುವ ರೀತಿ ಬದಲಾಗಿದೆ. ಓಡುವ ಜನರೇಟರ್ ಮಲಗುವ ಜಾಗದಿಂದ ಇಪ್ಪತ್ತು ಅಡಿಗಿಂತ ದೂರ, ಬಯಲಿನಲ್ಲಿ, ಹೊಗೆಯ ಕೊಳವೆ ಆಚೆ ಮುಖ ಮಾಡಿರಬೇಕು. ಗುಡಾರ, ಕೋಣೆ, ವರಾಂಡ ಯಾವುದರ ಒಳಗೂ ಬೇಡ, ಕಿಟಕಿ ತೆರೆದಿದ್ದರೂ ಬೇಡ. ಮಳೆ ಬಂದರೆ ಬಂದ್ ಮಾಡುತ್ತೇವೆ, ಕತ್ತಲೆಯಲ್ಲಿ ಒಂದು ಟಾರ್ಚ್ ಸಾಕು. ಬಂದ್ ಮಾಡಿದ ಕೂಡಲೇ ಫ್ರೇಮಿಗೆ ಸರಪಳಿ ಹಾಕಿ ಮರಕ್ಕೋ ಗಾಡಿಯ ಆಕ್ಸೆಲ್‌ಗೋ ಬೀಗ ಹಾಕುತ್ತೇವೆ. ಪೂರ್ತಿ ತಣ್ಣಗಾದ ಮೇಲೆ ಗಾಡಿಯೊಳಗೆ ಏರಿಸುತ್ತೇವೆ. ಪೆಟ್ರೋಲ್ ಕ್ಯಾನ್ ಹತ್ತಿರ ಯಾರೂ ಮಲಗುವುದಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ, ರಾತ್ರಿ ಸರದಿಯ ಮೇಲೆ ಒಬ್ಬರು ಎಚ್ಚರವಿರುತ್ತೇವೆ. ಬಿಲ್ಲು, ನಂಬರು, ಫೋಟೋ ಇಬ್ಬರ ಫೋನಿನಲ್ಲಿ ಇವೆ. ಮತ್ತೆ, ಹೋದ ಕೂಡಲೇ ಜಾಗದವರ ಮನೆಗೆ ಹೋಗಿ ಮಾತಾಡಿಸಿ ಬರುತ್ತೇವೆ. ಯಾರಾದರೂ ರೇಟ್ ಕೇಳಿದರೆ ಹೇಳುತ್ತೇವೆ.

ಶಿಬಿರಕ್ಕೆ ಜನರೇಟರ್ ತರೋಣ. ನಮ್ಮ ಅಂಗಡಿಯದೇ ತರಬಹುದು, ಮಾಮು ಒಪ್ಪಿದ್ದಾರೆ. ಮೊದಲ ರಾತ್ರಿ ಕಾಯುವ ಸರದಿ ನನಗೆ ಕೊಡಿ ಎಂದು ಸರ್ ಅವರನ್ನು ಕೇಳಿಕೊಳ್ಳುತ್ತೇನೆ. ಆದರೆ ಅದನ್ನು ರೂಮಿನೊಳಗೆ ತರುವ ಮಾತು ಮಾತ್ರ ಯಾರೂ ಆಡಬೇಡಿ. ಕಳುವಾದರೆ ಎರಡು ಮೂರು ವರ್ಷ ಚೀಟಿ ಕಟ್ಟಿ ಇನ್ನೊಂದು ತರಬಹುದು. ಭಾಯಿ ಕಣ್ಣು ತೆರೆಯದಿದ್ದ ಆ ಹೊತ್ತಿನಲ್ಲಿ ನಾನು ಏನು ಕಟ್ಟಬಹುದಿತ್ತು?